ಒತ್ತಕ್ಷರ ಕತ್ತರಿಸುವ ಪುಟಗಳು ಮತ್ತು ಟೈಲ್‌ವಿಂಡ್ ವಾದ

ಹಾಸನದಲ್ಲಿ ವೆಬ್ ಕೆಲಸ ಮಾಡಿಕೊಂಡಿರುವ ನಾವು ನಾಲ್ಕು ಜನ ಒಂದೆಡೆ ಸೇರಿದರೆ ಸಾಕು, ಮಾತು ಎಲ್ಲಿಂದ ಶುರುವಾದರೂ ಟೈಲ್‌ವಿಂಡ್ ಬೇಕೋ ಬೇಡವೋ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಪುಟದ ಅಲಂಕಾರಕ್ಕೆ ಸಿದ್ಧ ಕ್ಲಾಸುಗಳನ್ನು, ಅಂದರೆ ಪುಟದ ಭಾಗಗಳಿಗೆ ಅಂಟಿಸುವ ಹೆಸರುಗಳನ್ನು, ಕೊಡುವ ಸಲಕರಣೆ ಅದು. ಬೆಂಗಳೂರಿನ ಕಂಪನಿಗಳಲ್ಲಿ ಕೆಲಸ ಮಾಡಿ ಬಂದವರು, ಪುಟವನ್ನು ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಂ ಭಾಷೆಯಿಂದ ಕಟ್ಟುವ ರಿಯಾಕ್ಟ್ ಮತ್ತು ಟೈಲ್‌ವಿಂಡ್ ಇಲ್ಲದೆ ಇನ್ನು ಕೆಲಸವೇ ಸಾಗದು ಎನ್ನುತ್ತಾರೆ. ಊರಿನಲ್ಲೇ ಕಲಿತು ಊರಿನವರಿಗೇ ವೆಬ್‌ಸೈಟ್ ಮಾಡಿಕೊಡುವವರಲ್ಲಿ ಕೆಲವರು ಸಿದ್ಧ ವಿನ್ಯಾಸ ಕೊಡುವ ಬೂಟ್‌ಸ್ಟ್ರ್ಯಾಪ್ ಬಿಟ್ಟು ಕದಲುವುದಿಲ್ಲ. ಈ ವಾದದಲ್ಲಿ ನನಗೂ ಒಂದು ನಿಲುವಿದೆ, ಅದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನಮ್ಮ ಜಿಲ್ಲೆಯಲ್ಲಿ ಹುಟ್ಟುವ ಬಹುಪಾಲು ವೆಬ್‌ಸೈಟುಗಳಿಗೆ ಪುಟದ ವಿಷಯ ಬರೆಯುವ ಎಚ್‌ಟಿಎಂಎಲ್ ಮತ್ತು ಅದರ ಅಲಂಕಾರ ಹೇಳುವ ಬರಿಯ ಸಿಎಸ್‌ಎಸ್ ಧಾರಾಳವಾಗಿ ಸಾಕು. ಅದಕ್ಕಿಂತ ಮುಖ್ಯವಾಗಿ, ಯಾವ ಸಲಕರಣೆಯನ್ನೇ ಹಿಡಿಯಿರಿ, ಸಿಎಸ್‌ಎಸ್ಸನ್ನು ಬುಡದಿಂದ ಕಲಿಯದವರು ಕನ್ನಡದ ಒಂದು ಪುಟವನ್ನು ನೆಟ್ಟಗೆ ತೋರಿಸಲಾರರು.

ಎರಡನೆಯ ಮಾತನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ಕಣ್ಣಿಗೆ ಕಾಣುವಂಥದ್ದು. ದೊಡ್ಡ ಶೀರ್ಷಿಕೆಗೆಂದು ಟೈಲ್‌ವಿಂಡ್ ಬಳಸುವವರು ಸಾಮಾನ್ಯವಾಗಿ ಹಾಕುವ ಕ್ಲಾಸುಗಳಲ್ಲಿ ‘ಟೆಕ್ಸ್ಟ್-5ಎಕ್ಸ್‌ಎಲ್’ ಒಂದು. ಅದು ಅಕ್ಷರದ ಗಾತ್ರವನ್ನು 3 ರೆಮ್‌ಗೆ, ಅಂದರೆ ಸಾಮಾನ್ಯ ಬ್ರೌಸರಿನಲ್ಲಿ 48 ಪಿಕ್ಸೆಲ್‌ಗೆ ಏರಿಸುತ್ತದೆ. ಜೊತೆಯಲ್ಲೇ ಲೈನ್-ಹೈಟನ್ನು 1ಕ್ಕೆ ತಂದಿಡುತ್ತದೆ. ಸಾಲಿನ ಎತ್ತರವೂ ಅಕ್ಷರದ ಗಾತ್ರವೂ ಒಂದೇ ಆಯಿತು. ಇಂಗ್ಲಿಷಿನ ದಪ್ಪ ಶೀರ್ಷಿಕೆಗೆ ಇದು ಒಪ್ಪುತ್ತದೆ, ಸಾಲುಗಳು ಬಿಗಿಯಾಗಿ ಚೆನ್ನಾಗಿಯೇ ಕಾಣುತ್ತವೆ. ಕನ್ನಡದಲ್ಲಿ ‘ಸ್ವಾತಂತ್ರ್ಯೋತ್ಸವ’ ಎಂದು ಬರೆದರೆ ತಕಾರದ ಕೆಳಗೆ ಎರಡು ಒತ್ತು ಇಳಿಯುತ್ತವೆ. ಮೊಬೈಲಿನಲ್ಲಿ ಶೀರ್ಷಿಕೆ ಎರಡು ಸಾಲಾಯಿತೆಂದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿನ ಮೇಲೆ ಕೂರುತ್ತದೆ, ಯಾವುದು ಯಾರದು ಎಂದು ತಿಳಿಯುವುದಿಲ್ಲ.

ಇನ್ನೂ ಕೆಟ್ಟದ್ದು ‘ಟ್ರಂಕೇಟ್’. ಹೆಸರು ಉದ್ದವಾದರೆ ಕೊನೆಗೆ ಮೂರು ಚುಕ್ಕಿ ಹಾಕಿ ನಿಲ್ಲಿಸುವ ಕ್ಲಾಸ್ ಅದು. ಅದರೊಳಗೆ ‘ಓವರ್‌ಫ್ಲೋ ಹಿಡನ್’ ಇರುವುದರಿಂದ ಪೆಟ್ಟಿಗೆಯ ಗಡಿ ದಾಟಿದ್ದೆಲ್ಲ ಮರೆಯಾಗುತ್ತದೆ, ಎಡಬಲದಲ್ಲಿ ಮಾತ್ರವಲ್ಲ, ಕೆಳಗೂ. ಸಾಲು ಬಿಗಿಯಾಗಿದ್ದರೆ ಒತ್ತಕ್ಷರ ಗಡಿಯಾಚೆ ಬಿದ್ದು ಕತ್ತರಿಸಿಹೋಗುತ್ತದೆ. ಒಂದು ಸಹಕಾರ ಸಂಘದ ಸದಸ್ಯರ ಪಟ್ಟಿಯಲ್ಲಿ ಇದನ್ನು ನಾನು ಕಣ್ಣಾರೆ ಕಂಡೆ. ಚನ್ನಮ್ಮ ಎಂಬ ಹೆಸರು ಚನಮ ಎಂದು ಓದಿಸಿಕೊಳ್ಳುತ್ತಿತ್ತು, ಅದರ ಕೆಳಗೆ ಪುಟ್ಟಯ್ಯ ಪುಟಯ ಆಗಿದ್ದರು. ಪುಟ ಮಾಡಿದ ಹುಡುಗ ಬುದ್ಧಿವಂತ, ಆದರೆ ‘ಅಣ್ಣಾ, ಇದು ಫಾಂಟ್ ತೊಂದರೆ’ ಎಂದು ನೋಟೊ ತೆಗೆದು ಬಲೂ ಹಾಕಿದ, ಬಲೂ ತೆಗೆದು ಅನೇಕ್ ಹಾಕಿದ. ಫಾಂಟಿನಲ್ಲಿ ಯಾವ ದೋಷವೂ ಇರಲಿಲ್ಲ. ಓವರ್‌ಫ್ಲೋ ಕತ್ತರಿಸುವುದು ಪ್ಯಾಡಿಂಗಿನ, ಅಂದರೆ ಬರಹದ ಸುತ್ತ ಬಿಡುವ ಖಾಲಿ ಜಾಗದ, ಹೊರ ಅಂಚಿನಲ್ಲಿ. ಕೆಳಗೆ ಸ್ವಲ್ಪ ಪ್ಯಾಡಿಂಗ್ ಕೊಟ್ಟರೆ, ಇಲ್ಲವೇ ಲೈನ್-ಹೈಟ್ ಹೆಚ್ಚಿಸಿದರೆ ಹೆಸರುಗಳು ಪೂರ್ತಿಯಾಗಿ ಬರುತ್ತವೆ. ಪುಟದ ಪ್ರತಿ ಭಾಗವೂ ಒಂದು ಪೆಟ್ಟಿಗೆ ಎನ್ನುವ ಬಾಕ್ಸ್ ಮಾಡೆಲ್‌ನ ಮೊದಲ ಪಾಠ ಇದು. ಅದನ್ನು ಕಲಿಯದೆಯೇ ಅವನು ಪುಟಗಳನ್ನು ಮಾಡುತ್ತಿದ್ದಾನೆ ಎಂಬುದು ಅವನ ತಪ್ಪಲ್ಲ, ಅವನಿಗೆ ಕಲಿಸಿದ ಕ್ರಮದ ತಪ್ಪು.

ಪರಿಹಾರವಾದರೂ ಎಷ್ಟು ಹಳೆಯದು ನೋಡಿ. ಪುಟದ ಭಾಷೆ ಕನ್ನಡವಾಗಿದ್ದರೆ ಮಾತ್ರ ಅನ್ವಯವಾಗುವ ನಿಯಮ ಬರೆಯಲು ‘ಲ್ಯಾಂಗ್’ ಎಂಬ ಸೆಲೆಕ್ಟರ್ (ನಿಯಮ ಯಾವುದಕ್ಕೆ ಎಂದು ಆರಿಸುವ ಗುರುತು) ಇದೆ, ಅದು 1998ರ ಸಿಎಸ್‌ಎಸ್ 2ರಲ್ಲಿಯೇ ಬಂದದ್ದು. ಎಚ್‌ಟಿಎಂಎಲ್‌ನಲ್ಲಿ ಭಾಷೆ ‘ಕೆಎನ್’ ಎಂದು ನಮೂದಿಸಿ, ಕನ್ನಡದ ಶೀರ್ಷಿಕೆಗಳಿಗೆಲ್ಲ ಲೈನ್-ಹೈಟ್ 1.5 ಎಂದು ಒಂದೇ ನಿಯಮ ಬರೆದರೆ ಇಡೀ ವೆಬ್‌ಸೈಟಿನ ಶೀರ್ಷಿಕೆಗಳು ಸರಿಹೋಗುತ್ತವೆ. ಆದರೆ ಆ ಒಂದು ನಿಯಮ ಟೈಲ್‌ವಿಂಡ್‌ನ ಕ್ಲಾಸನ್ನು ಗೆಲ್ಲುತ್ತದೆಯೇ? ಮೂರನೆಯ ಆವೃತ್ತಿಯಲ್ಲಿ ಗೆಲ್ಲುತ್ತದೆ, ಏಕೆಂದರೆ ಎಲಿಮೆಂಟ್ (ಇಲ್ಲಿ ಶೀರ್ಷಿಕೆ) ಮತ್ತು ‘ಲ್ಯಾಂಗ್’ ಎರಡೂ ಸೇರಿದ ಸೆಲೆಕ್ಟರಿನ ಸ್ಪೆಸಿಫಿಸಿಟಿ, ಅಂದರೆ ನಿಯಮಗಳು ಡಿಕ್ಕಿಯಾದಾಗ ಯಾವುದು ಗೆಲ್ಲಬೇಕೆಂದು ಹೇಳುವ ತೂಕ, ಒಂಟಿ ಕ್ಲಾಸಿಗಿಂತ ಹೆಚ್ಚು. 2025ರ ಜನವರಿಯಲ್ಲಿ ಬಂದ ನಾಲ್ಕನೆಯ ಆವೃತ್ತಿಯಲ್ಲಿಯೂ ಗೆಲ್ಲುತ್ತದೆ, ಆದರೆ ಕಾರಣ ಬೇರೆ: ಅಲ್ಲಿ ಟೈಲ್‌ವಿಂಡ್ ತನ್ನ ಕ್ಲಾಸುಗಳನ್ನೆಲ್ಲ ನಿಯಮಗಳ ಆದ್ಯತೆ ಗೊತ್ತುಮಾಡುವ ಕ್ಯಾಸ್ಕೇಡ್ ಲೇಯರುಗಳೆಂಬ ಪದರಗಳ ಒಳಗೆ ಇಟ್ಟಿದೆ, ಯಾವ ಲೇಯರಿಗೂ ಸೇರದ ನಿಯಮವು ಲೇಯರಿನೊಳಗಿನ ನಿಯಮವನ್ನು ಸ್ಪೆಸಿಫಿಸಿಟಿ ನೋಡದೆಯೇ ಹಿಂದಿಕ್ಕುತ್ತದೆ. ಸಿಎಸ್‌ಎಸ್ ಕಲಿಯುವ ಕಷ್ಟ ತಪ್ಪಿಸಿಕೊಳ್ಳಲೆಂದು ಟೈಲ್‌ವಿಂಡ್ ಹಿಡಿದವರಿಗೆ ಕನ್ನಡದ ಮೊದಲ ಶೀರ್ಷಿಕೆ ಬರೆಯುವಾಗಲೇ ಸಿಎಸ್‌ಎಸ್‌ನ ಅತಿ ಕಠಿಣ ಅಧ್ಯಾಯ ಬೇಕಾಗುತ್ತದೆ. ನಮ್ಮ ಲಿಪಿಗೆ ಈ ಸಲಕರಣೆಗಳ ಪೂರ್ವನಿಗದಿತ ಅಳತೆಗಳು ಹೊಂದುವುದಿಲ್ಲ. ‘ರಿಜಿಸ್ಟರ್’ ಎಂಬ ಇಂಗ್ಲಿಷ್ ಪದಕ್ಕೆ ಅಳೆದ 6 ರೆಮ್ ಅಗಲದ ಬಟನ್ನಿನಲ್ಲಿ ‘ನೋಂದಾಯಿಸಿಕೊಳ್ಳಿ’ ಎಂಬುದನ್ನು ತುರುಕಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟು ಹೇಳಿದ ಮೇಲೆ, ಟೈಲ್‌ವಿಂಡ್ ಎಲ್ಲಿಂದ ಬಂತೆಂದು ತಿಳಿಯದೆ ಅದನ್ನು ಬೈಯುವವರ ಜೊತೆಗೂ ನಾನು ಸೇರಲಾರೆ. ಹೋಕನ್ ವಿಯುಮ್ ಲೀ 1994ರ ಅಕ್ಟೋಬರಿನಲ್ಲಿ ಸಿಎಸ್‌ಎಸ್‌ನ ಮೊದಲ ಪ್ರಸ್ತಾವ ಮುಂದಿಟ್ಟಾಗಲೂ, ಬರ್ಟ್ ಬಾಸ್ ಜೊತೆಗೂಡಿ ರೂಪಿಸಿದ ಮೊದಲ ಆವೃತ್ತಿ 1996ರ ಡಿಸೆಂಬರಿನಲ್ಲಿ ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯು3ಸಿಯ ಶಿಫಾರಸಾಗಿ ಹೊರಬಂದಾಗಲೂ, ವೆಬ್ ಎಂದರೆ ಮುಖ್ಯವಾಗಿ ಓದುವ ದಾಖಲೆಗಳು. ವಿಷಯ ಒಂದು ಕಡತದಲ್ಲಿ, ಅಲಂಕಾರ ಇನ್ನೊಂದರಲ್ಲಿ ಎಂಬ ವಿಭಜನೆ ಅಲ್ಲಿ ಸಹಜವಾಗಿತ್ತು. 2003ರಲ್ಲಿ ಡೇವ್ ಶೇ ಆರಂಭಿಸಿದ ಸಿಎಸ್‌ಎಸ್ ಜೆನ್ ಗಾರ್ಡನ್ ಎಂಬ ವೆಬ್‌ಸೈಟ್, ಒಂದೇ ಎಚ್‌ಟಿಎಂಎಲ್‌ಗೆ ಬೇರೆ ಬೇರೆ ಸ್ಟೈಲ್‌ಶೀಟ್ (ಸಿಎಸ್‌ಎಸ್ ಕಡತ) ತೊಡಿಸಿ ಆ ವಿಭಜನೆಯ ಸೊಗಸನ್ನು ತೋರಿಸಿಕೊಟ್ಟಿತು. ಆದರೆ 2013ರಲ್ಲಿ ರಿಯಾಕ್ಟ್ ಬಂದ ಮೇಲೆ ದೊಡ್ಡ ತಂಡಗಳು ಪುಟವನ್ನು ಕಾಂಪೊನೆಂಟುಗಳೆಂಬ ಬಿಡಿಭಾಗಗಳಾಗಿ ಒಡೆದು ಕಟ್ಟತೊಡಗಿದವು, ಅಲ್ಲಿ ಹಳೆಯ ವಿಭಜನೆ ಹೊರೆಯಾಯಿತು. ನೂರಾರು ಜನ ಕೈಯಾಡಿಸುವ ಸ್ಟೈಲ್‌ಶೀಟಿನಲ್ಲಿ ಎಲ್ಲ ಹೆಸರುಗಳೂ ಎಲ್ಲರಿಗೂ ಸೇರಿದವು; ಒಂದು ಸಾಲು ಅಳಿಸಿದರೆ ಎಲ್ಲಿ ಏನು ಕೆಡುತ್ತದೋ ಎಂಬ ಅಂಜಿಕೆಯಿಂದ ಯಾರೂ ಏನನ್ನೂ ಅಳಿಸುವುದಿಲ್ಲ, ಕಡತ ಬೆಳೆಯುತ್ತಲೇ ಹೋಗುತ್ತದೆ. ಫೇಸ್‌ಬುಕ್‌ನ ಕ್ರಿಸ್ಟೋಫರ್ ಶೆಡೊ 2014ರಲ್ಲಿ ಈ ತೊಂದರೆಗಳನ್ನು ಒಂದೊಂದಾಗಿ ಬಿಡಿಸಿಟ್ಟರು, ಅಲ್ಲಿಂದ ಜಾವಾಸ್ಕ್ರಿಪ್ಟಿನೊಳಗೇ ಸ್ಟೈಲ್ ಬರೆಯುವ ಪದ್ಧತಿಗೆ ಬಲ ಬಂತು. 2017ರಲ್ಲಿ ಆಡಮ್ ವಾಥನ್ ಮತ್ತು ಗೆಳೆಯರು ಹೊರತಂದ ಟೈಲ್‌ವಿಂಡ್ ಅದೇ ತೊಂದರೆಗೆ ಬೇರೊಂದು ದಾರಿ ಹಿಡಿಯಿತು: ಹೆಸರಿಡುವುದನ್ನೇ ಕೈಬಿಟ್ಟು, ಒಂದೊಂದು ಗುಣಕ್ಕೂ ಒಂದೊಂದು ಪುಟ್ಟ ಕ್ಲಾಸ್ ಕೊಟ್ಟಿತು.

ಈ ಪದ್ಧತಿ ದೊಡ್ಡ ತಂಡಗಳಿಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಸಾಕ್ಷಿ ಫೇಸ್‌ಬುಕ್ಕೇ. 2020ರಲ್ಲಿ ಹೊಸದಾಗಿ ಕಟ್ಟಿದಾಗ ಅವರು ಇಂಥ ಅಣುಕ್ಲಾಸುಗಳ ಪದ್ಧತಿಗೆ ಬದಲಾಗಿ ಮುಖಪುಟದ ಸಿಎಸ್‌ಎಸ್ಸನ್ನು ಶೇ. 80ರಷ್ಟು ಇಳಿಸಿದರು. ಹೊಸ ಪುಟ ಸೇರಿಸಿದರೂ ಅದೇ ಕ್ಲಾಸುಗಳು ಮತ್ತೆ ಬಳಕೆಯಾಗುವುದರಿಂದ ಕಡತ ಅಷ್ಟಾಗಿ ಹಿಗ್ಗುವುದಿಲ್ಲ. ಇದು ನಿಜವಾದ ಲಾಭ, ನಾನು ತಲೆಬಾಗಿ ಒಪ್ಪುತ್ತೇನೆ. ಆದರೆ ನಮ್ಮಲ್ಲಿ ನೂರಾರು ಎಂಜಿನಿಯರುಗಳು ಎಲ್ಲಿದ್ದಾರೆ? ಸಕಲೇಶಪುರದ ಹೋಂಸ್ಟೇ ಒಂದರ ಆರು ಪುಟಗಳ ವೆಬ್‌ಸೈಟನ್ನು ಒಬ್ಬರು ಮಾಡುತ್ತಾರೆ, ನಾಲ್ಕು ವರ್ಷದ ಮೇಲೆ ಇನ್ನೊಬ್ಬರು ತಿದ್ದುತ್ತಾರೆ. ಅಲ್ಲಿ ಹೆಸರುಗಳ ಘರ್ಷಣೆ ಇಲ್ಲ, ಅಳಿಸಲು ಅಂಜಿಕೆಯಿಲ್ಲ.

ಇನ್ನೊಂದು ಕಾರಣವೂ ಈಗ ಸಡಿಲವಾಗಿದೆ. ಸಲಕರಣೆಗಳು ಹುಟ್ಟಿದ ಕಾಲದ ಸಿಎಸ್‌ಎಸ್ ಬೇರೆ, ಇಂದಿನದು ಬೇರೆ. ಸಿಎಸ್‌ಎಸ್‌ನಲ್ಲಿ ಇಲ್ಲದ ಸೌಲಭ್ಯ ಸೇರಿಸುವ ಸಾಸ್ ಭಾಷೆಯನ್ನು ಬಳಸುತ್ತಿದ್ದವರಲ್ಲಿ ಹೆಚ್ಚಿನವರಿಗೆ ಬೇಕಾಗಿದ್ದದ್ದು ವೇರಿಯಬಲ್ (ಹೆಸರಿಟ್ಟ ಮೌಲ್ಯ) ಮತ್ತು ನೆಸ್ಟಿಂಗ್ (ನಿಯಮದೊಳಗೆ ನಿಯಮ). ವೇರಿಯಬಲ್ ಬ್ರೌಸರಿಗೇ ಬಂದು ವರ್ಷಗಳಾದವು, ನೆಸ್ಟಿಂಗ್ 2023ರಲ್ಲಿ ಕ್ರೋಮ್, ಸಫಾರಿ, ಫೈರ್‌ಫಾಕ್ಸ್ ಮೂರಕ್ಕೂ ಬಂತು. ಪುಟವನ್ನು ಅಡ್ಡ-ಉದ್ದ ಸಾಲುಗಳಲ್ಲಿ ಜೋಡಿಸುವ ಗ್ರಿಡ್ 2017ರ ಮಾರ್ಚಿನಲ್ಲಿ ಈ ಮೂರೂ ಬ್ರೌಸರುಗಳಿಗೆ ಒಂದೇ ತಿಂಗಳಲ್ಲಿ ಬಂದಾಗಲೇ ಬೂಟ್‌ಸ್ಟ್ರ್ಯಾಪಿನ 12 ಕಾಲಮ್‌ಗಳ ಅಗತ್ಯ ಮುಗಿದಿತ್ತು. ನನಗೆ ಎಲ್ಲಕ್ಕಿಂತ ಹೆಚ್ಚು ಉಪಕಾರವಾದದ್ದು 2023ರ ಫೆಬ್ರುವರಿಯಿಂದ ಎಲ್ಲ ಮುಖ್ಯ ಬ್ರೌಸರುಗಳಲ್ಲಿ ಸಿಗುತ್ತಿರುವ ಕಂಟೇನರ್ ಕ್ವೆರಿ. ಹೋಂಸ್ಟೇ ಕೊಠಡಿಯ ಕಾರ್ಡು ಅಗಲವಾದ ಜಾಗದಲ್ಲಿದ್ದರೆ ಚಿತ್ರದ ಪಕ್ಕ ಬರಹ, ಇಕ್ಕಟ್ಟಾದ ಜಾಗದಲ್ಲಿದ್ದರೆ ಚಿತ್ರದ ಕೆಳಗೆ ಬರಹ. ಪರದೆಯ ಅಗಲವನ್ನು ನೋಡದೆ, ತಾನಿರುವ ಪೆಟ್ಟಿಗೆಯ ಅಗಲವನ್ನು ನೋಡಿ ಕಾರ್ಡು ತಾನೇ ಹೊಂದಿಕೊಳ್ಳುತ್ತದೆ. ಇದಕ್ಕಾಗಿ ಹಿಂದೆ ಜಾವಾಸ್ಕ್ರಿಪ್ಟಿನಿಂದ ಅಳತೆ ತೆಗೆಯಬೇಕಿತ್ತು. ಒಳಗೆ ಏನಿದೆ ಎಂದು ನೋಡಿ ಹೊರಗಿನದನ್ನು ಆರಿಸುವ ‘ಹ್ಯಾಸ್’ ಸೆಲೆಕ್ಟರ್ 2023ರ ಡಿಸೆಂಬರಿನಲ್ಲಿ ಫೈರ್‌ಫಾಕ್ಸಿಗೂ ಬಂದ ಮೇಲೆ, ಫಾರಂ ತುಂಬುವಾಗಿನ ಸಣ್ಣಪುಟ್ಟ ಕೆಲಸಗಳಿಗೂ ಜಾವಾಸ್ಕ್ರಿಪ್ಟ್ ಬೇಕಿಲ್ಲ.

ಸಲಕರಣೆಗಳ ಬೆಲೆಯನ್ನು ತೆರುವವರು ಯಾರು ಎಂಬ ಪ್ರಶ್ನೆಯನ್ನು ನಮ್ಮ ವಾದಗಳಲ್ಲಿ ಯಾರೂ ಎತ್ತುವುದಿಲ್ಲ. ಮೊದಲು ತೆರುವವರು ನಮ್ಮ ನಂತರ ಆ ಕೆಲಸಕ್ಕೆ ಕೈಹಾಕುವವರು. ಐದಾರು ವರ್ಷ ಹಳೆಯದಾದ ಒಂದು ವೆಬ್‌ಸೈಟಿನಲ್ಲಿ ದೂರವಾಣಿ ಸಂಖ್ಯೆಯೊಂದನ್ನು ಬದಲಿಸಿಕೊಡಿ ಎಂದು ಈಚೆಗೆ ಒಬ್ಬರು ಕೇಳಿದರು. ಕೋಡ್ ತೆರೆದರೆ ಅದು ರಿಯಾಕ್ಟ್ ಕೆಲಸ ಶುರುಮಾಡಿಕೊಡುವ ಕ್ರಿಯೇಟ್ ರಿಯಾಕ್ಟ್ ಆ್ಯಪ್‌ನಿಂದ ಕಟ್ಟಿದ್ದು, ಒಳಗೆ ಸಾಸನ್ನು ಸಿಎಸ್‌ಎಸ್ ಆಗಿ ಬದಲಿಸುವ ನೋಡ್-ಸಾಸ್. ಇಂಥ ಸಲಕರಣೆಗಳನ್ನು ಓಡಿಸುವ ನೋಡ್‌ನ ಹೊಸ ಆವೃತ್ತಿಯಲ್ಲಿ ಅದು ಇನ್‌ಸ್ಟಾಲ್ ಆಗಲೊಲ್ಲದು, ತೆರೆಯ ತುಂಬ ಕೆಂಪು ಅಕ್ಷರದ ದೋಷಸಂದೇಶಗಳು. ಹಳೆಯ ನೋಡ್ ಹುಡುಕಿ ಹಾಕಿ, ಬಿಲ್ಡ್ ಮಾಡಿ (ಅಂದರೆ ಬರೆದದ್ದನ್ನು ಬ್ರೌಸರಿಗೆ ಬೇಕಾದ ಕಡತಗಳಾಗಿಸಿ), ಒಂದು ದೂರವಾಣಿ ಸಂಖ್ಯೆ ಬದಲಿಸುವಷ್ಟರಲ್ಲಿ ದಿನ ಮುಳುಗಿತು. ನೋಡ್-ಸಾಸ್ ಬಳಸಬೇಡಿ ಎಂದು ಅದರ ನಿರ್ವಾಹಕರೇ ಹೇಳಿದ್ದಾರೆ, ಕ್ರಿಯೇಟ್ ರಿಯಾಕ್ಟ್ ಆ್ಯಪನ್ನು ರಿಯಾಕ್ಟ್ ತಂಡವೇ 2025ರ ಫೆಬ್ರುವರಿಯಲ್ಲಿ ಕೈಬಿಟ್ಟಿತು, ಒಂದು ಕಾಲಕ್ಕೆ ಎಲ್ಲರ ಬಾಯಲ್ಲಿದ್ದ, ಜಾವಾಸ್ಕ್ರಿಪ್ಟಿನೊಳಗೆ ಸ್ಟೈಲ್ ಬರೆಯುವ ಸ್ಟೈಲ್ಡ್-ಕಾಂಪೊನೆಂಟ್ಸ್ ಅದೇ ವರ್ಷ ಬರಿಯ ನಿರ್ವಹಣೆಯ ಹಂತಕ್ಕೆ ಇಳಿಯಿತು. 1996ರ ನಿಯಮಗಳಂತೆ ಬರೆದ ಸ್ಟೈಲ್‌ಶೀಟ್ ಮಾತ್ರ ಇಂದಿನ ಬ್ರೌಸರಿನಲ್ಲಿಯೂ ತೆರೆದುಕೊಳ್ಳುತ್ತದೆ. ಕೈಯಲ್ಲಿ ಹೆಚ್ಚು ಹಣವಿಲ್ಲದ ಸಂಘ, ಶಾಲೆ, ದೇವಸ್ಥಾನ ಸಮಿತಿಗಳಿಗೆ ಕೆಲಸ ಮಾಡಿಕೊಡುವವರು ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಎರಡನೆಯದಾಗಿ ತೆರುವವರು ಪುಟ ತೆರೆಯುವವರು. ಮೂಡಿಗೆರೆಯ ಕಡೆಯ ತೋಟದ ನಡುವೆ ಅಥವಾ ಶಿರಾಡಿ ಘಾಟಿಯ ತಿರುವಿನಲ್ಲಿ ಸಿಗ್ನಲ್ ಹೇಗಿರುತ್ತದೆ ಎಂಬುದು ನಮಗೆಲ್ಲ ಗೊತ್ತು. ಜಾವಾಸ್ಕ್ರಿಪ್ಟ್ ಬಂದು ಇಳಿದು ಓಡಿದ ಮೇಲಷ್ಟೇ ಮೂಡುವ ಪುಟ ಅಲ್ಲಿ ಬಹಳ ಹೊತ್ತು ಬಿಳಿಯಾಗಿಯೇ ಇರುತ್ತದೆ. ‘ದಾರಿ ಕೇಳೋಕೆ ನಂಬರ್ ಹುಡುಕ್ತಾರೆ, ನಂಬರೇ ಕಾಣಲ್ಲ ಅಂತಾರೆ ಕಣಪ್ಪ’ ಎಂದು ಹೋಂಸ್ಟೇ ನಡೆಸುವ ಹಿರಿಯರೊಬ್ಬರು ಹೇಳಿದ್ದು ಇದನ್ನೇ. ಎಚ್‌ಟಿಎಂಎಲ್‌ನಲ್ಲಿ ನೇರವಾಗಿ ಬರೆದ ಸಂಖ್ಯೆ ಚಿತ್ರಗಳಿಗಿಂತ ಮೊದಲೇ ಬಂದು ನಿಲ್ಲುತ್ತದೆ. ಕನ್ನಡ ಫಾಂಟಿನ ವಿಷಯವೂ ಅಷ್ಟೆ. ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡದ ಫಾಂಟ್ ಮೊದಲೇ ಇರುವಾಗ, ಒತ್ತಕ್ಷರಗಳ ರೂಪಗಳನ್ನೆಲ್ಲ ತುಂಬಿಕೊಂಡ ಫಾಂಟನ್ನು ನಾಲ್ಕು ತೂಕಗಳಲ್ಲಿ ಮತ್ತೆ ಇಳಿಸುವುದು ಓದುವವರ ಡೇಟಾವನ್ನು ಪೋಲು ಮಾಡಿದಂತೆ.

ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗುವ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಮಕ್ಕಳು ರಿಯಾಕ್ಟ್ ಮತ್ತು ಟೈಲ್‌ವಿಂಡ್ ಕಲಿಯಬೇಕು, ಸಂದರ್ಶನದಲ್ಲಿ ಅದನ್ನೇ ಕೇಳುತ್ತಾರೆ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಮೊದಲು ಸಿಎಸ್‌ಎಸ್‌ನ ಬುಡದ ಪಾಠಗಳು: ಕ್ಯಾಸ್ಕೇಡ್, ಸ್ಪೆಸಿಫಿಸಿಟಿ, ಬಾಕ್ಸ್ ಮಾಡೆಲ್, ಫ್ಲೆಕ್ಸ್, ಗ್ರಿಡ್. ಈಗ ಎಐ ಕೇಳಿದ ತಕ್ಷಣ ಪುಟವನ್ನೇ ಬರೆದುಕೊಡುತ್ತದೆ, ಅದೂ ಹೆಚ್ಚಾಗಿ ಟೈಲ್‌ವಿಂಡ್‌ನಲ್ಲೇ. ಬರೆದುಕೊಟ್ಟದ್ದನ್ನು ಓದಲು ಬಾರದಿದ್ದರೆ ಮೇಲೆ ಹೇಳಿದ ಸದಸ್ಯರ ಪಟ್ಟಿಯಂಥದ್ದನ್ನು ಯಾರು ತಿದ್ದಬೇಕು? ನನ್ನ ಬಳಿ ಕೆಲಸ ಕಲಿಯಲು ಬರುವವರಿಗೆ ನಾನು ಮೊದಲು ಒಂದು ಪೂರ್ತಿ ಕನ್ನಡದ ಪುಟವನ್ನು ಕೊಡುತ್ತೇನೆ, ಬಿಲ್ಡ್ ಟೂಲ್ ಇಲ್ಲ, ಫ್ರೇಮ್‌ವರ್ಕ್ ಇಲ್ಲ. ಅದು ಮುಗಿದ ಮೇಲೆ ಅದೇ ಪುಟವನ್ನು ಟೈಲ್‌ವಿಂಡ್‌ನಲ್ಲಿ ಮಾಡಿಸುತ್ತೇನೆ. ಆಗ ಅವರಿಗೆ ಟೈಲ್‌ವಿಂಡ್ ಕಲಿಯಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ, ಪ್ರತಿ ಕ್ಲಾಸಿನ ಹಿಂದೆ ಯಾವ ಗುಣವಿದೆ ಎಂಬುದು ಗೊತ್ತಿರುತ್ತದೆ.

ರಿಯಾಕ್ಟ್ ಬೇಕಾಗುವ ಕೆಲಸಗಳು ನಮ್ಮಲ್ಲಿಯೂ ಇವೆ. ಕಾಫಿ ತೋಟದ ಆಳುಗಳ ಹಾಜರಿ, ಕುಯ್ಲಿನ ತೂಕ, ವಾರದ ಬಟವಾಡೆ ಎಲ್ಲವೂ ಒಂದೇ ಪರದೆಯಲ್ಲಿ ಕ್ಷಣಕ್ಷಣ ಬದಲಾಗುವ ಲೆಕ್ಕದ ಆ್ಯಪನ್ನು ನಾನೂ ರಿಯಾಕ್ಟ್‌ನಲ್ಲೇ ಕಟ್ಟುತ್ತೇನೆ. ಅಂಥ ಕೆಲಸ ಬಿಟ್ಟು ಉಳಿದವುಗಳಿಗೂ ಅದೇ ಬೇಕು ಎನ್ನುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ: ನೀವು ಮಾಡಿದ ಒಂದು ಕನ್ನಡ ಪುಟದ ಕೊಂಡಿಯನ್ನು ಕಾಮೆಂಟಿನಲ್ಲಿ ಹಾಕಿ, ಅದನ್ನೇ ನಾನು ಬರಿಯ ಸಿಎಸ್‌ಎಸ್‌ನಲ್ಲಿ ಮಾಡಿ ಪಕ್ಕದಲ್ಲಿಡುತ್ತೇನೆ. ಎರಡರ ತೂಕ, ಎರಡೂ ತೆರೆದುಕೊಳ್ಳುವ ಹೊತ್ತು, ಎರಡರಲ್ಲೂ ಒತ್ತಕ್ಷರಗಳ ಸ್ಥಿತಿ ಎಲ್ಲವನ್ನೂ ಎದುರುಬದುರಾಗಿಟ್ಟು ಮಾತು ಮುಂದುವರಿಸೋಣ.