ಸುಮ್ಮನಿರಲು ಬಿಡದ ಹಾಲು

ಹೆಪ್ಪು ಹಾಕಿದ ಪಾತ್ರೆಯನ್ನು ಅಲುಗಾಡಿಸಬಾರದು ಎಂದು ಕೇಳುತ್ತಲೇ ಬೆಳೆದವರಿಗೆ ಮಂಗೋಲಿಯಾದ ಐರಾಗ್ ಪೂರಾ ಉಲ್ಟಾ ವ್ಯವಹಾರ. ಕುದುರೆ ಹಾಲು ಹುಳಿಬಂದು ಆಗುವ ಪಾನೀಯ ಇದು. ಹೆಪ್ಪು ಬಿದ್ದ ಮೇಲೆ ಇದನ್ನು ಸುಮ್ಮನೆ ಬಿಟ್ಟಿರೋ, ಕೆಟ್ಟಿತು.

ಕುದುರೆ ಹಾಲು ನೀರಿನಂತೆ ತೆಳು. ಗಟ್ಟಿ ಮೊಸರಾಗಲು ಬೇಕಾದ ಕೇಸೀನ್ ಎಂಬ ಪ್ರೋಟೀನ್ ಇದರಲ್ಲಿ ಕಡಿಮೆ, ಸಿಹಿ ಮಾತ್ರ ಹೆಚ್ಚು. ಹಸುವಿನ ಹಾಲಿನಲ್ಲಿ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಶೇ. 5ರ ಆಸುಪಾಸಿದ್ದರೆ ಇದರಲ್ಲಿ 6ರಿಂದ 7. ಹಸಿಯಾಗಿ ಕುಡಿದರೆ ಹೊಟ್ಟೆ ಸಡಿಲಾಗುವುದು ಖಾತ್ರಿ. ಆ ಸಿಹಿಯ ಒಂದು ಪಾಲನ್ನು ಬ್ಯಾಕ್ಟೀರಿಯಾ ಹುಳಿ ಮಾಡುತ್ತವೆ, ಇನ್ನೊಂದು ಪಾಲನ್ನು ಯೀಸ್ಟ್ ಶೇ. 2ರಷ್ಟು ಮದ್ಯಸಾರವಾಗಿಸುತ್ತದೆ. ಜೊತೆಗೆ ನೊರೆ, ಚುರುಕು.

ಆದರೆ ಹಾಲು ಕೈಗೆ ಸಿಗುವುದೇ ಕಷ್ಟ. ಕುದುರೆ ಕೆಚ್ಚಲು ಚಿಕ್ಕದು, ಒಂದು ಸಲಕ್ಕೆ ಬರುವುದು ಸ್ವಲ್ಪವೇ. ಹಾಗಾಗಿ ಬೇಸಿಗೆಯಲ್ಲಿ ಎರಡು ಗಂಟೆಗೊಮ್ಮೆ, ದಿನಕ್ಕೆ ಐದಾರು ಬಾರಿ ಕರೆಯಬೇಕು. ನೆಲದ ಮೇಲೆ ಎಳೆದು ಕಟ್ಟಿದ ಉದ್ದನೆಯ ಹಗ್ಗಕ್ಕೆ, ಅಂದರೆ ಜೆಲ್‌ಗೆ, ಮರಿಗಳನ್ನು ಸಾಲಾಗಿ ಕಟ್ಟಿರುತ್ತಾರೆ. ಮರಿ ಅಲ್ಲಿದ್ದರೆ ತಾಯಿ ದೂರ ಹೋಗುವುದಿಲ್ಲ. ಮೊದಲು ಮರಿಯನ್ನು ಬಿಟ್ಟು ಸೊರೆ ಇಳಿಸಿಕೊಳ್ಳಬೇಕು. ಆಮೇಲೆ ಒಬ್ಬರು ಅದನ್ನು ಎಳೆದು ಹಿಡಿಯುತ್ತಾರೆ, ಆದರೂ ಅದರ ಮೈ ತಾಯಿಗೆ ತಾಗುತ್ತಿರಬೇಕು. ಕರೆಯುವವರು ಒಂದು ಮಂಡಿಯೂರಿ, ಇನ್ನೊಂದರ ಮೇಲೆ ಬಕೆಟ್ ನಿಲ್ಲಿಸಿ, ಒಂದು ತೋಳನ್ನು ಕುದುರೆಯ ಹಿಂಗಾಲಿನ ಹಿಂದಿನಿಂದ ಬಳಸಿ ತರುತ್ತಾರೆ. ಒದೆಯುವ ಪ್ರಾಣಿಯನ್ನು ಈ ಭಂಗಿಯಲ್ಲಿ ಕರೆಯಬಹುದೆಂದು ಮೊದಲು ಯೋಚಿಸಿದವರ ಧೈರ್ಯಕ್ಕೆ ಏನೆನ್ನೋಣ! ರಾತ್ರಿ ಹಾಲು ಮರಿಯ ಪಾಲು.

ಹಾಲನ್ನು ಸೋಸಿ, ತಣ್ಣಗಾದ ಮೇಲಷ್ಟೇ ಖೊಖೂರ್‌ಗೆ ಹುಯ್ಯಬೇಕು. ಬೆಚ್ಚಗಿದ್ದಾಗಲೇ ಹುಯ್ದರೆ ಹುಳಿ ಮುಂದೋಡುತ್ತದೆ, ಯೀಸ್ಟ್ ಹಿಂದುಳಿಯುತ್ತದೆ. ಖೊಖೂರ್ ಎಂದರೆ ಹಸುವಿನ ತೊಗಲಿನ ದೊಡ್ಡ ಚೀಲ. ಗೆರ್ ಎಂಬ ಉಣ್ಣೆಗುಡಾರದ ಒಳಹೊಕ್ಕರೆ ಎಡಕ್ಕೆ, ಬಾಗಿಲ ಪಕ್ಕದಲ್ಲೇ ತೂಗುತ್ತಿರುತ್ತದೆ. ಅದರೊಳಗಿನ ಹಳೆಯ ಐರಾಗೇ ಹೆಪ್ಪು. ಒಂದೇ ಸಲಕ್ಕೆ ಹೊಸ ಹಾಲು ವಿಪರೀತ ಸುರಿದರೆ ಹೆಪ್ಪಿನ ಬಲ ಸಾಲದು. ಕರೆದಷ್ಟನ್ನು ಆಗಾಗ ಸೇರಿಸುತ್ತ ಹೋಗಬೇಕು. ಬುಲೂರ್ ಎಂಬ ಮರದ ಕಡೆಗೋಲಿನಿಂದ ತಳಮುಟ್ಟ ಕುಟ್ಟಿ ಎತ್ತಬೇಕು, 500ಕ್ಕೂ ಹೆಚ್ಚು ಸಲ. ಯೀಸ್ಟಿಗೆ ಗಾಳಿ ಸಿಗುವುದೂ ಹುಳಿ ಎಲ್ಲೆಡೆ ಸಮನಾಗುವುದೂ ಇದರಿಂದಲೇ. ಕೈ ಸೋತಲ್ಲಿ ಸಿಗುವುದು ಬರೀ ಹುಳಿನೀರು.

ಮನೆಯವರೊಬ್ಬರಿಗೆ ಇದು ಮುಗಿಯುವ ಕೆಲಸವೇ? ಬಾಗಿಲಲ್ಲೇ ಚೀಲ ತೂಗುಹಾಕಿರುವ ಜಾಣತನ ಗೊತ್ತಾಗುವುದು ಇಲ್ಲೇ. ಒಳಬಂದವರು, ಹೊರಹೊರಟವರು, ನೆಂಟರು, ದಾರಿಹೋಕರು ಎಲ್ಲರೂ ನಾಲ್ಕು ಸಲ ಕುಟ್ಟಿ ಹೋಗುವುದು ಅಲ್ಲಿಯ ಮರ್ಯಾದೆ. ಪ್ರತಿಯಾಗಿ ಬಟ್ಟಲು ತುಂಬ ಐರಾಗ್ ಸಿಗುತ್ತದೆ. ಬಲಗೈಯಲ್ಲಿ ತೆಗೆದುಕೊಂಡು, ಎಡಗೈಯನ್ನು ಬಲ ಮೊಣಕೈಗೆ ಆಸರೆ ಕೊಡಬೇಕು. ಬೇಡವೆನ್ನುವಂತಿಲ್ಲ, ತುಟಿಗಾದರೂ ತಾಗಿಸಬೇಕು. ಹೊಸಬರು ಮೊದಲ ದಿನ ಒಂದು ಬಟ್ಟಲಿಗೇ ನಿಲ್ಲಿಸುವುದು ಒಳ್ಳೆಯದು. ಉಪಚಾರ ಅಲ್ಲಿಗೆ ನಿಲ್ಲದು ಎನ್ನುವುದು ಬೇರೆ ಮಾತು. 1253ರಲ್ಲಿ ಬಂದ ಫ್ಲಾಂಡರ್ಸಿನ ಪಾದ್ರಿ ವಿಲಿಯಂ ರುಬ್ರುಕ್ ಮೊದಲ ಗುಟುಕಿಗೇ ಗಾಬರಿಯಿಂದ ಬೆವತು ಹೋದನಂತೆ. ನಾಲಿಗೆ ಚುರುಗುಟ್ಟಿದರೂ ಕೊನೆಗೆ ಬಾದಾಮಿ ಹಾಲಿನ ರುಚಿ ಉಳಿಯುತ್ತದೆ ಎಂದು ಬರೆದದ್ದೂ ಅವನೇ.

ಐರಾಗ್ ಕಡೆಯುವ ಈ ವಿದ್ಯೆ 2019ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ತೊಗಲಚೀಲದ ಜಾಗಕ್ಕೆ ಪ್ಲಾಸ್ಟಿಕ್ ಡ್ರಮ್ ಬಂದಾಗಿತ್ತು. ತೊಳೆಯಲು ಸುಲಭ, ನಿಜ. ರುಚಿಯ ವಿಷಯಕ್ಕೆ ಬಂದರೆ ತೊಗಲಿಗೇ ನಮ್ಮ ಮತ. ಉಲಾನ್‌ಬಾತರ್‌ಗೆ ಹೋಗುವ ರಸ್ತೆಬದಿಯಲ್ಲಿ ತಂಪುಪಾನೀಯದ ಹಳೆಯ ಬಾಟಲಿಗಳಲ್ಲಿ ತುಂಬಿ ಮಾರುತ್ತಾರೆ. ಕೊಂಡರೆ ಕತ್ತಿನವರೆಗೆ ತುಂಬಿಸಿಕೊಳ್ಳಬೇಡಿ, ಮುಚ್ಚಳವನ್ನು ಆಗಾಗ ಸಡಿಲಿಸಿ ಗಾಳಿ ಬಿಡಿ. ಗುಂಡಿ ಬಿದ್ದ ರಸ್ತೆಯಲ್ಲಿ ಬಸ್ಸು ತಾನೇ ಕಡೆಯಲು ಶುರುಮಾಡುತ್ತದೆ; ಮುಚ್ಚಳ ಹಾರಿದರೆ ಮುಂದಿನ ಸೀಟಿನವರಿಗೂ ಒಂದು ಪಾಲು.