ಕ್ಲಿಪ್ ಕಳಿಸಿದವರೇ, ಹೇಳಿಕೆ ಯಾರು ಕೊಡುತ್ತೀರಿ?

ಇವತ್ತು ಬೆಳಿಗ್ಗೆ ಮುಂಬೈಯ ನಮ್ಮ ಹೌಸಿಂಗ್ ಸೊಸೈಟಿಯ ಗೇಟಿನ ಹತ್ತಿರ ನೋಡಿದ್ದನ್ನು ಬರೆಯದಿದ್ದರೆ ನನಗೆ ಸಮಾಧಾನವಿಲ್ಲ. ಸೊಸೈಟಿ ಕಮಿಟಿಯ ಇಬ್ಬರು ವಾಚ್‌ಮನ್‌ನನ್ನು ನಿಲ್ಲಿಸಿಕೊಂಡು ಬೈಯುತ್ತಿದ್ದರು. ಅವನು ಡ್ಯೂಟಿಯಲ್ಲಿ ಮಲಗಿದ್ದಕ್ಕಲ್ಲ. ನೀರಿನ ಪಂಪ್ ಆಫ್ ಮಾಡಲು ಮರೆತದ್ದಕ್ಕೂ ಅಲ್ಲ. ಕಣ್ಣಾರೆ ಕಂಡದ್ದನ್ನು ಪೊಲೀಸರಿಗೆ ಹೇಳಿದ್ದಕ್ಕೆ! "ನಡುವೆ ಬಾಯಿ ಹಾಕು ಅಂತ ನಿನಗೆ ಯಾರು ಹೇಳಿದ್ದು? ಇನ್ನು ದಿನಾ ಪೊಲೀಸರು ಬಿಲ್ಡಿಂಗಿಗೆ ಬರ್ತಾರೆ. ಸೊಸೈಟಿ ಹೆಸರು ಹಾಳು." ಅವನು ತಲೆ ತಗ್ಗಿಸಿ ನಿಂತಿದ್ದ. ಉತ್ತರ ಪ್ರದೇಶದ ಜೌನ್‌ಪುರದಿಂದ ಬಂದವನು, ಹನ್ನೆರಡು ಗಂಟೆಯ ಡ್ಯೂಟಿ, ನಮ್ಮೆಲ್ಲರಿಗಿಂತ ಕಡಿಮೆ ಸಂಬಳ.

ವಿಷಯ ಏನೆಂದರೆ, ಕಳೆದ ವಾರ ನಮ್ಮ ಬಿ ವಿಂಗಿನ ದೊಡ್ಡಮ್ಮನ ಕರಿಮಣಿ ಸರ ಹೋಯಿತು. ದೊಡ್ಡಮ್ಮ ಅಂದರೆ ಯಾರೆಂದು ಇಲ್ಲಿನ ಕನ್ನಡದವರಿಗೆಲ್ಲ ಗೊತ್ತು. ನನಗೆ ರಕ್ತಸಂಬಂಧವಿಲ್ಲ, ಆದರೆ ನಮ್ಮ ಕುಂದಾಪುರ ಕಡೆಯವರು. ನನ್ನ ಬಾಣಂತನದಲ್ಲಿ ಅಮ್ಮ ಊರಿಂದ ಬರಲು ಆಗದಿದ್ದಾಗ ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಿದ ಕೈ ಅದು. ಸಂಜೆ ದೇವಸ್ಥಾನದಿಂದ ವಾಪಸ್ ಬರುವಾಗ ಬೈಕಿನಲ್ಲಿ ಇಬ್ಬರು ಬಂದರು. ಹಿಂದೆ ಕೂತವನು ಸರಕ್ಕೆ ಕೈ ಹಾಕಿ ಎಳೆದ. ಅರ್ಧ ತುಂಡು ಅವನ ಕೈಗೆ ಹೋಯಿತು, ಇನ್ನರ್ಧ ಸೆರಗಿನಲ್ಲಿ ಸಿಕ್ಕಿಕೊಂಡಿತು. ದೊಡ್ಡಮ್ಮ ಮೊಣಕಾಲೂರಿ ಬಿದ್ದರು. ಕುತ್ತಿಗೆಯ ಗೀರು ಇನ್ನೂ ಮಾಯ್ದಿಲ್ಲ.

ಎಷ್ಟು ಜನ ನೋಡಿದರು! ಇಸ್ತ್ರಿ ಅಂಗಡಿಯ ಮುಂದೆ ಬಟ್ಟೆ ಕೊಡಲು ನಿಂತವರಿದ್ದರು. ತರಕಾರಿ ಗಾಡಿಯ ಹತ್ತಿರ ಹೆಂಗಸರಿದ್ದರು. ಎರಡನೇ ಮಹಡಿಯ ಬಾಲ್ಕನಿಯಲ್ಲಿ ದಿನಾ ಆ ಹೊತ್ತಿಗೆ ಚಹಾ ಕುಡಿಯುತ್ತ ಕೂರುವವರಿದ್ದರು. ಗೇಟಿನ ಕ್ಯಾಮೆರಾದಲ್ಲೂ ಬಿದ್ದಿತ್ತು. ಒಂದು ಗಂಟೆಯೊಳಗೆ ಆ ಕ್ಲಿಪ್ ಸೊಸೈಟಿ ಗ್ರೂಪಿನಿಂದ ಹೊರಟು, ಸಂಘದ ಗ್ರೂಪಿಗೆ ಬಂದು, ಊರಿನಲ್ಲಿರುವ ನನ್ನ ಅತ್ತಿಗೆಯ ಫೋನಿಗೂ ಮುಟ್ಟಿತು. ನಾನು ಆಗ ಆಫೀಸಿನಿಂದ ಟ್ರೇನಿನಲ್ಲಿ ಬರುತ್ತಿದ್ದೆ. ದೊಡ್ಡಮ್ಮ ಬಿದ್ದದ್ದನ್ನು ನಾನು ಮೊದಲು ನೋಡಿದ್ದು ಫೋನಿನಲ್ಲಿ, ದಾದರ್ ಸ್ಟೇಷನ್ ದಾಟುವಾಗ. ಆ ಕ್ಷಣ ಹೇಗಿತ್ತು ಅಂತ ಹೇಳಲು ಆಗುವುದಿಲ್ಲ.

ಮರುದಿನ ಹವಾಲ್ದಾರರು ಬಂದರು. "ಯಾರು ನೋಡಿದ್ದೀರಿ? ಜಬಾಬ್ (ಹೇಳಿಕೆ) ಕೊಡ್ತೀರಾ?" ಎಂದು ಮನೆ ಮನೆಗೆ ಕೇಳಿದರು. ಒಬ್ಬರೂ ಇಲ್ಲ. ಬಾಲ್ಕನಿಯವರು ಆಗ ಒಳಗೆ ಟಿವಿ ನೋಡುತ್ತಿದ್ದರಂತೆ. ತರಕಾರಿ ಗಾಡಿಯ ಹತ್ತಿರ ಇದ್ದವರು ಬೆನ್ನು ಹಾಕಿ ನಿಂತಿದ್ದರಂತೆ. ಬೈಕ್ ಯಾವ ಕಡೆ ತಿರುಗಿತು, ನಂಬರ್ ಪ್ಲೇಟಿನ ಕೊನೆಯ ಎರಡು ಅಂಕಿ ಯಾವುದು ಅಂತ ಹೇಳಿದವನು ವಾಚ್‌ಮನ್ ಒಬ್ಬನೇ. ಅದಕ್ಕೇ ಇವತ್ತು ಬೈಗುಳ.

ನನಗೆ ಇಷ್ಟು ಸಿಟ್ಟು ಬರಲು ಇನ್ನೊಂದು ಕಾರಣವಿದೆ. ಹೋದ ತಿಂಗಳಷ್ಟೇ ನಮ್ಮ ಸೊಸೈಟಿ ಹಾಲಿನಲ್ಲಿ ಪೊಲೀಸರ ಜೊತೆ ದೊಡ್ಡ ಸಭೆ ನಡೆದಿತ್ತು. ಸುತ್ತಲಿನ ನಾಲ್ಕಾರು ಸೊಸೈಟಿಯವರು ಬಂದಿದ್ದರು. ತುರ್ತಿಗೆ 112 ಒತ್ತಿ, ಆನ್‌ಲೈನ್ ವಂಚನೆಯಾದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಬಾಡಿಗೆಗೆ ಬಂದವರ ಮಾಹಿತಿ ಪೊಲೀಸರಿಗೆ ಕೊಡಿ, ಎಲ್ಲವನ್ನೂ ಹೇಳಿದರು. ಎಲ್ಲ ಒಳ್ಳೆಯ ಮಾತೇ. ನಮ್ಮವರು ಮೈಕ್ ಹಿಡಿದು "ನಾವೆಲ್ಲ ಪೊಲೀಸರ ಜೊತೆಗಿದ್ದೇವೆ" ಅಂದರು. ಹಾರ ಹಾಕಿದರು, ಫೋಟೊ ತೆಗೆಸಿಕೊಂಡರು. ಅವತ್ತು ಮೈಕ್ ಹಿಡಿದವರೇ ಇವತ್ತು ಗೇಟಿನಲ್ಲಿ ವಾಚ್‌ಮನ್‌ಗೆ ಬೈದವರು.

ಪೊಲೀಸರ ಜೊತೆಗಿರುವುದು ಅಂದರೆ ಏನು ಹಾಗಾದರೆ? ನನಗೆ ಗೊತ್ತಿರುವುದು ಒಂದೇ. ನೋಡಿದ್ದರೆ ನೋಡಿದೆ ಅಂತ ಹೇಳುವುದು. ಉಳಿದದ್ದೆಲ್ಲ ಆಮೇಲೆ.

"ಕ್ಯಾಮೆರಾ ಹಾಕಿಸಿದ್ದೇವಲ್ಲ, ಕ್ಲಿಪ್ ಇದೆಯಲ್ಲ, ನಮ್ಮ ಮಾತು ಯಾಕೆ ಬೇಕು" ಅನ್ನುತ್ತಾರೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮಲ್ಲಿ ತುಂಬಾ ಜನರಿಗೆ ಇದು ಗೊತ್ತಿಲ್ಲ. ನನ್ನ ತಂಗಿಯ ಮಗ ವಕೀಲ, ಅವನನ್ನು ಕೂರಿಸಿಕೊಂಡು ಕೇಳಿ ತಿಳಿದುಕೊಂಡೆ. ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ ಬಂದ ಕ್ಲಿಪ್ ಕೋರ್ಟಿನಲ್ಲಿ ಹಾಗೇ ನಿಲ್ಲುವುದಿಲ್ಲ. ಮೂಲ ರೆಕಾರ್ಡಿಂಗ್ ಇರುವ ಡಿವಿಆರ್ ಎಂಬ ಯಂತ್ರದಿಂದ ಸರಿಯಾಗಿ ತೆಗೆದ ಪ್ರತಿ ಬೇಕು. ಅದರ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಕಾರ ಒಂದು ಪ್ರಮಾಣಪತ್ರ ಬೇಕು. ಆ ಯಂತ್ರ ಯಾರ ಉಸ್ತುವಾರಿಯಲ್ಲಿದೆಯೋ ಅವರು ಸಹಿ ಹಾಕಬೇಕು, ತಜ್ಞರು ತುಂಬುವ ಭಾಗ ಬೇರೆ ಇದೆ. ನಮ್ಮಲ್ಲಿ ಆ ಯಂತ್ರ ಇರುವುದು ಸೊಸೈಟಿ ಆಫೀಸಿನಲ್ಲಿ, ಬೀಗದ ಕೈ ಸೆಕ್ರೆಟರಿಯವರ ಹತ್ತಿರ. ಅವರು "ನಾನು ಯಾವುದಕ್ಕೂ ಸಹಿ ಹಾಕುವುದಿಲ್ಲ" ಎಂದು ಕೂತಿದ್ದಾರೆ. ಡಿವಿಆರ್ ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗುತ್ತ ಹೋಗುತ್ತದೆ. ಇವರು ಯೋಚನೆ ಮಾಡಿ ಮುಗಿಸುವಷ್ಟರಲ್ಲಿ ದೊಡ್ಡಮ್ಮ ಬಿದ್ದ ಆ ಸಂಜೆಯೇ ಅಳಿಸಿ ಹೋಗಿರುತ್ತದೆ. ಕ್ಲಿಪ್ ಮಾತ್ರ ಊರೂರು ಸುತ್ತುತ್ತಿರುತ್ತದೆ. ಅದರಲ್ಲಿ ಕಳ್ಳನ ಮುಖ ಕಾಣುವುದಿಲ್ಲ, ಹೆಲ್ಮೆಟ್ ಇದೆ. ನೆಲಕ್ಕೆ ಬಿದ್ದ ದೊಡ್ಡಮ್ಮನ ಮುಖ ಮಾತ್ರ ಚೆನ್ನಾಗಿ ಕಾಣುತ್ತದೆ. ದಯವಿಟ್ಟು ಅದನ್ನು ಇನ್ನು ಯಾರಿಗೂ ಕಳಿಸಬೇಡಿ.

"ಸಹಿ ಹಾಕಿದರೆ ಸಿಕ್ಕಿಬೀಳುತ್ತೇವೆ" ಎನ್ನುವ ಭಯ ಇನ್ನೊಂದು. ಪೊಲೀಸ್ ತನಿಖೆ, ವಿಚಾರಣೆ ಹೇಗೆ ನಡೆಯಬೇಕೆಂದು ಹೇಳುವ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಎಂಬ ಹೊಸ ಕಾನೂನು 2024ರ ಜುಲೈ 1ರಿಂದ ಜಾರಿಯಲ್ಲಿದೆ. ತನಿಖೆಯಲ್ಲಿ ಪೊಲೀಸರು ಬರೆದುಕೊಂಡ ಸಾಕ್ಷಿಯ ಹೇಳಿಕೆಗೆ ಆ ಸಾಕ್ಷಿ ಸಹಿ ಹಾಕುವಂತೆಯೇ ಇಲ್ಲ. ಕಲಂ 181 ಓದಿ. ಹಳೆಯ ಕಾನೂನಿನಲ್ಲೂ ಹೀಗೇ ಇತ್ತು. "ಈ ವಯಸ್ಸಿನಲ್ಲಿ ಠಾಣೆಯ ಮೆಟ್ಟಿಲು ಹತ್ತಬೇಕಾ" ಅನ್ನುವವರು ಕಲಂ 179 ಓದಿ. ಸಾಕ್ಷಿ ಹೆಂಗಸಾಗಿದ್ದರೆ, ಅಥವಾ 60 ದಾಟಿದ ಗಂಡಸಾಗಿದ್ದರೆ, ಠಾಣೆಗೆ ಬಾ ಎಂದು ಒತ್ತಾಯಿಸುವಂತಿಲ್ಲ. ಪೊಲೀಸರೇ ಅವರು ವಾಸವಿರುವಲ್ಲಿಗೆ ಬಂದು ಕೇಳಬೇಕು. ಹೊತ್ತು ಮುಳುಗುವಾಗ ಬಾಲ್ಕನಿಯಲ್ಲಿ ಕೂತು ಚಹಾ ಕುಡಿಯುವವರಲ್ಲಿ 60 ದಾಟದ ಗಂಡಸರು ಎಷ್ಟು ಮಂದಿ ಇದ್ದೀರಿ ಹೇಳಿ?

ಕೋರ್ಟಿನ ತಾರೀಖಿನ ಭಯ ಮಾತ್ರ ನನಗೆ ಅರ್ಥವಾಗುತ್ತದೆ. ಅದನ್ನು ನಾನು ಮನೆಯಲ್ಲೇ ನೋಡಿದ್ದೇನೆ. ಅಪ್ಪ ಮುಂಬೈಯ ಫೋರ್ಟ್ ಏರಿಯಾದ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು, ಹಳೆಯ ಗೆಳೆಯರಿಗೆ ಗೊತ್ತು. ಆಗ ಪೊಲೀಸರು ಪಂಚನಾಮೆಗೆ ಪಂಚರು, ಅಂದರೆ ಸ್ಥಳದಲ್ಲಿ ಕಂಡದ್ದನ್ನು ಬರೆಯುವಾಗ ಸಾಕ್ಷಿ ನಿಲ್ಲುವವರು, ಬೇಕಾದಾಗ ಹೋಟೆಲಿಗೇ ಬರುತ್ತಿದ್ದರು. ಅಪ್ಪ ಒಂದು ಕಳ್ಳತನದ ಕೇಸಿನಲ್ಲಿ ಪಂಚರಾದರು. ವರ್ಷಗಟ್ಟಲೆ ತಾರೀಖು ಬಂತು. ಹೋಗಿ ಕೂರುವುದು, ಕೇಸ್ ಮುಂದಕ್ಕೆ ಹೋಗುವುದು, ಆ ದಿನದ ಸಂಬಳ ಹೋಗುವುದು. ಅಮ್ಮ ಅಳುತ್ತಿದ್ದರು, ಯಾರಾದರೂ ದ್ವೇಷ ಇಟ್ಟುಕೊಂಡರೆ ಏನು ಗತಿ ಎಂದು. ನಾನು ಚಿಕ್ಕವಳು, ಆ ಸಮನ್ಸ್ ಕಾಗದ ಕಂಡರೆ ನನಗೆ ಹೊಟ್ಟೆ ನೋವು ಬರುತ್ತಿತ್ತು. ಈಗಲೂ ಖಾಕಿ ಕವರು ನೋಡಿದರೆ ಒಳಗೆ ಏನೋ ಆಗುತ್ತದೆ. ಆದರೆ ಅಪ್ಪ ಪ್ರತಿ ಸಲವೂ ಹೋದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದರು.

ಆದ್ದರಿಂದ ತಾರೀಖಿನ ಕಷ್ಟ ಸುಳ್ಳು ಅಂತ ನಾನು ಹೇಳುವುದಿಲ್ಲ. ಈಗ ಸಾಕ್ಷಿಯನ್ನು ವಿಡಿಯೊ ಮೂಲಕ ಕೇಳಲು ಕಾನೂನು ಒಪ್ಪುತ್ತದೆ. ಸಾಕ್ಷಿಗಳ ರಕ್ಷಣೆಗೆ 2018ರಲ್ಲಿ ಸುಪ್ರೀಂ ಕೋರ್ಟ್ ಒಂದು ಯೋಜನೆಯನ್ನು ಒಪ್ಪಿ ಇಡೀ ದೇಶಕ್ಕೆ ಅನ್ವಯಿಸಿತು. ಇದೆಲ್ಲ ಎಲ್ಲ ಕಡೆ ಸರಿಯಾಗಿ ನಡೆಯಬೇಕಾದರೆ ಕೇಳುವವರು ಬೇಕು. ಸುಮ್ನೆ ಬಾಗಿಲು ಹಾಕಿಕೊಂಡು ಕೂತರೆ ಯಾವುದೂ ಸರಿಹೋಗುವುದಿಲ್ಲ. ತಾರೀಖಿನ ಕಷ್ಟ ನಮಗೆ ದೊಡ್ಡದಾದರೆ, ದಿನಗೂಲಿಯ ಹಾಗೆ ದುಡಿಯುವ ವಾಚ್‌ಮನ್‌ಗೆ ಅದು ಇನ್ನೂ ದೊಡ್ಡದಲ್ವಾ? ಅವನು ಹೇಳಿದನಲ್ಲ?

ಪೊಲೀಸರನ್ನು ನಾನು ಹೊಗಳಲು ಹೊರಟಿಲ್ಲ. ಅವತ್ತು ದೊಡ್ಡಮ್ಮನನ್ನು ಕರೆದುಕೊಂಡು ಠಾಣೆಗೆ ಹೋದದ್ದು ನಾನೇ. ಮೊದಲು ಹೋದ ಕಡೆ "ಆ ರಸ್ತೆ ನಮ್ಮ ಹದ್ದಿಗೆ ಬರುವುದಿಲ್ಲ" ಎಂದರು. ಮೊಣಕಾಲಿನಲ್ಲಿ ರಕ್ತ ಇಳಿಯುತ್ತಿರುವ ಮುದುಕಿಗೆ ಹೀಗೆ ಹೇಳುವುದೇ? ಹದ್ದು ಯಾವುದೇ ಇರಲಿ, ದೂರು ತೆಗೆದುಕೊಳ್ಳಬೇಕು ಎಂದು ಬಿಎನ್‌ಎಸ್‌ಎಸ್‌ನ ಕಲಂ 173 ಹೇಳುತ್ತದೆ. ಅದೇ ಜೀರೋ ಎಫ್‌ಐಆರ್. ನಾನು ಸ್ವರ ಏರಿಸಿದೆ. ಒಳಗಿನಿಂದ ಒಬ್ಬ ಮಹಿಳಾ ಅಧಿಕಾರಿ ಬಂದು ಕೂರಿಸಿ, ನೀರು ಕೊಟ್ಟು, ಬರೆದುಕೊಂಡರು. ಎಫ್‌ಐಆರ್ ಪ್ರತಿ ಕೈಗೆ ಕೊಟ್ಟರು, ಅದಕ್ಕೆ ದುಡ್ಡು ಇಲ್ಲ, ಅದು ನಮ್ಮ ಹಕ್ಕು. ಸರ ಕಿತ್ತು ಓಡುವುದಕ್ಕೆ ಈಗ ಬಿಎನ್‌ಎಸ್ (ಐಪಿಸಿಯ ಬದಲು ಬಂದ ಭಾರತೀಯ ನ್ಯಾಯ ಸಂಹಿತೆ) 304 ಎಂಬ ಬೇರೆಯೇ ಕಲಂ ಇದೆ, ಮೂರು ವರ್ಷದವರೆಗೆ ಜೈಲು ಮತ್ತು ದಂಡ. ಕಲಂ ಇದ್ದರೆ ಸಾಲದು, ಇವನೇ ಎಂದು ಹೇಳುವ ಬಾಯಿ ಬೇಕು.

ಬಾಯಿ ಬೇಕಾದಲ್ಲಿ ಮುಚ್ಚಿಕೊಂಡವರು ಬೇಡದಲ್ಲಿ ತೆರೆಯುತ್ತಾರೆ, ಅದು ನನಗೆ ಇನ್ನೂ ಹೆಚ್ಚು ಹೆದರಿಕೆ ತರುತ್ತದೆ. ಮೂರನೇ ದಿನಕ್ಕೆ ಗ್ರೂಪಿನಲ್ಲಿ ಒಬ್ಬ ಹುಡುಗನ ಫೋಟೊ ಬಂತು. ಹಿಂದಿನ ಚಾಳಿನವನು, ಸಾಮಾನು ಡೆಲಿವರಿ ಮಾಡುವವನು. "ಇವನ ಮೇಲೆ ಕಣ್ಣಿಡಿ" ಅಂತ. ಯಾಕೆ? ಅವನ ಬೈಕ್ ಕಪ್ಪು ಬಣ್ಣದ್ದು. ಅಷ್ಟೇ! ಪೊಲೀಸರಿಗೆ ಒಂದು ಮಾತು ಹೇಳಲು ಧೈರ್ಯವಿಲ್ಲದವರಿಗೆ ಒಬ್ಬ ಹುಡುಗನ ಮುಖವನ್ನು ಇನ್ನೂರು ಜನರಿಗೆ ಕಳಿಸಲು ಧೈರ್ಯ ಎಲ್ಲಿಂದ ಬಂತು? ನಮ್ಮ ಮಹಾರಾಷ್ಟ್ರದಲ್ಲೇ ಏನಾಯಿತು ನೆನಪಿಲ್ಲವೇ? 2018ರಲ್ಲಿ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಮಕ್ಕಳ ಕಳ್ಳರೆಂಬ ಗಾಳಿಮಾತಿಗೆ ಐದು ಜನರನ್ನು ಹೊಡೆದು ಕೊಂದರು. 2020ರ ಏಪ್ರಿಲಿನಲ್ಲಿ ಪಾಲ್ಘರ್‌ನ ಗಡಚಿಂಚಲೆಯಲ್ಲಿ ಇಬ್ಬರು ಸಾಧುಗಳನ್ನೂ ಅವರ ಡ್ರೈವರನ್ನೂ ಕೊಂದರು. ಅಲ್ಲಿಯೂ ಕಳ್ಳರು ಬಂದಿದ್ದಾರೆಂಬ ಗಾಳಿಮಾತೇ. ನಾನು ಗ್ರೂಪಿನಲ್ಲಿ ಬರೆದೆ, ಆ ಫೋಟೊ ತೆಗೆಯಿರಿ ಎಂದು. ತೆಗೆದರು. ಆದರೆ ಅದು ಎಷ್ಟು ಫೋನಿಗೆ ಹೋಗಿಯಾಗಿದೆಯೋ.

ನಮ್ಮ ಕಡೆ ಇದು ಆಗುವುದೇ ಇಲ್ಲ, ಜನ ಮತ್ತು ಪೊಲೀಸರು ಸೇರುವುದು ಬರೀ ಮಾತು ಎಂದು ಒಬ್ಬರು ನನಗೆ ಮೆಸೇಜ್ ಮಾಡಿದರು. ಒಪ್ಪುವುದಿಲ್ಲ. ಭಿವಂಡಿ ನಮ್ಮಿಂದ ಎಷ್ಟು ದೂರ? ಪವರ್‌ಲೂಮಿನ ಊರು, 1970ರಲ್ಲಿ ಹಿಂದೂ-ಮುಸ್ಲಿಂ ಗಲಭೆ, 1984ರಲ್ಲಿ ಮತ್ತೆ ಗಲಭೆ. 1988ರಲ್ಲಿ ಸುರೇಶ್ ಖೋಪಡೆ ಅಲ್ಲಿ ಡಿಸಿಪಿ (ಪೊಲೀಸ್ ಉಪ ಆಯುಕ್ತ) ಆಗಿ ಬಂದರು. ಮೊಹಲ್ಲಾ ಕಮಿಟಿಗಳನ್ನು ಮಾಡಿದರು. ಎರಡೂ ಧರ್ಮದ ಸಾಮಾನ್ಯ ಜನರನ್ನು ಆ ಭಾಗದ ಪೊಲೀಸರ ಜೊತೆ ಮತ್ತೆ ಮತ್ತೆ ಕೂರಿಸಿದರು. ಸಣ್ಣ ಪುಟ್ಟ ಜಗಳಗಳನ್ನೂ ಅಲ್ಲೇ ಮಾತಾಡುತ್ತಿದ್ದರು. 1992-93ರಲ್ಲಿ ಕೋಮು ಗಲಭೆಯಿಂದ ಮುಂಬೈ ಹೊತ್ತಿ ಉರಿಯುವಾಗ ಭಿವಂಡಿ ಶಾಂತವಾಗಿತ್ತು. ಅದನ್ನು ನೋಡಿಯೇ ಮುಂಬೈಯಲ್ಲಿ ಹಿಂದಿನ ಪೊಲೀಸ್ ಕಮಿಷನರ್ ಜೂಲಿಯೊ ರಿಬೇರೊ, ಆಗಿನ ಪೊಲೀಸ್ ಕಮಿಷನರ್ ಸತೀಶ್ ಸಾಹನಿ, ಶಾಂತಿಗಾಗಿ ದುಡಿದ ಸುಶೋಭಾ ಬರ್ವೆ ಮೊದಲಾದವರು ಇಲ್ಲಿಯೂ ಮೊಹಲ್ಲಾ ಕಮಿಟಿಗಳನ್ನು ಕಟ್ಟಿದರು. ಅಲ್ಲಿ ಕೂತವರು ಕೈ ಕೆಸರು ಮಾಡಿಕೊಂಡರು. ಗಲಭೆಯಲ್ಲಿ ಮನೆ ಕಳೆದುಕೊಂಡವರು ಪೊಲೀಸರ ಎದುರು ಕೂತು ಮಾತಾಡುವುದು ಎಂದರೆ ಎಂಥ ಗಟ್ಟಿ ಗುಂಡಿಗೆ ಬೇಕು! ನಮಗೆ ಒಂದು ಬೈಕ್ ಎಡಕ್ಕೆ ತಿರುಗಿತೋ ಬಲಕ್ಕೆ ತಿರುಗಿತೋ ಹೇಳಲು ಆಗುವುದಿಲ್ಲ.

ಬೀಟ್ ಮಾರ್ಷಲ್‌ಗಳು, ಅಂದರೆ ಗಸ್ತಿನ ಪೊಲೀಸರು, ರಾತ್ರಿ ನಮ್ಮ ಗಲ್ಲಿಗೆ ಬಂದು ಹೋಗುತ್ತಾರೆ. ಅವರ ಹೆಸರು ಏನು ಎಂದು ಬಿಲ್ಡಿಂಗಿನಲ್ಲಿ ಕೇಳಿ ನೋಡಿದೆ. ವಾಚ್‌ಮನ್‌ಗೆ ಮಾತ್ರ ಗೊತ್ತಿತ್ತು. ಅವನು ಅವರಿಗೆ ನೀರು ಕೊಡುತ್ತಾನೆ, ಅವರು ಅವನ ಊರಿನ ವಿಷಯ ಕೇಳುತ್ತಾರೆ. ಸಭೆಯಲ್ಲಿ ಹಾರ ಹಾಕಿದವರಿಗೆ ಗೊತ್ತಿಲ್ಲದ್ದು ಅವನಿಗೆ ಗೊತ್ತು. ನಮ್ಮ ಸೊಸೈಟಿಯಿಂದ ಪೊಲೀಸರ ಜೊತೆ ನಿಜವಾಗಿ ಸೇರಿದವನು ಅವನೊಬ್ಬನೇ, ಅವನನ್ನೇ ಕೆಲಸದಿಂದ ತೆಗೆಯುವ ಮಾತು ನಡೆದಿದೆ.

ಈ ಭಾನುವಾರ 11 ಗಂಟೆಗೆ ಹಾಲಿನಲ್ಲಿ ಸೊಸೈಟಿ ಮೀಟಿಂಗ್ ಇದೆ. ವಾಚ್‌ಮನ್‌ನನ್ನು ತೆಗೆಯುವ ವಿಷಯ ಬಂದರೆ ನಾನು ಎದ್ದು ನಿಲ್ಲುತ್ತೇನೆ, ನಮ್ಮ ವಿಂಗಿನ ಕನ್ನಡದವರು, ಮರಾಠಿಯವರು, ಗುಜರಾತಿಯವರು ಯಾರು ಜೊತೆ ನಿಲ್ಲುತ್ತೀರೋ ನಿಲ್ಲಿ. ಸೆಕ್ರೆಟರಿಯವರು ಡಿವಿಆರ್ ಕೊಟ್ಟು ಸಹಿ ಹಾಕಬೇಕು, ಅದನ್ನು ಲಿಖಿತವಾಗಿ ಕೊಟ್ಟಿದ್ದೇನೆ. ಮತ್ತೆ ಬಾಲ್ಕನಿಯವರೇ, ತರಕಾರಿ ಗಾಡಿಯ ಹತ್ತಿರ ಇದ್ದ ಅಕ್ಕಂದಿರೇ, ಹವಾಲ್ದಾರರ ನಂಬರ್ ನನ್ನ ಹತ್ತಿರ ಇದೆ. ನೀವು ಎಲ್ಲಿಗೂ ಬರುವುದು ಬೇಡ, ಅವರೇ ಮನೆಗೆ ಬರುತ್ತೇನೆ ಎಂದಿದ್ದಾರೆ. ಯಾರ ಮನೆಗೆ ಕಳಿಸಲಿ, ಹೇಳಿ.