ಒಂದ್ಸಲ ನೋಡಬಹುದು ಕಣ್ರೀ

ಸಿನಿಮಾ ನೋಡಿ ಬಂದವನನ್ನು "ಹೆಂಗಿತ್ತು?" ಎಂದು ಕೇಳಿದಾಗ "ಇನ್ನೂ ಯೋಚ್ನೆ ಮಾಡ್ತಾ ಇದೀನಿ" ಎಂದನೆನ್ನಿ. ಅವನು ಒಳಗೆ ನಿದ್ದೆ ಮಾಡಿದ್ದಾನೆ ಎಂದೇ ಲೋಕ ತಿಳಿಯುತ್ತದೆ. ಪರದೆಯ ಮೇಲೆ ಕೊನೆಯ ಹೆಸರುಗಳು ಏರತೊಡಗುವ ಮೊದಲೇ ಅಭಿಪ್ರಾಯ ತಯಾರಿರಬೇಕು. ಆ ಹೆಸರುಗಳನ್ನು ಓದುತ್ತ ಕೂರುವವರು ಹೇಗೂ ಈ ಕ್ಷೇತ್ರದಲ್ಲಿ ಮುಂದೆ ಬರುವುದಿಲ್ಲ. ಹೊಸದಾಗಿ ಇಳಿಯುವವರ ಅನುಕೂಲಕ್ಕಾಗಿ, ಬೇಕಾದ ಸಾಮಾನು ಎಷ್ಟು, ಯಾವುದನ್ನು ಎಲ್ಲಿ ಬಳಸಬೇಕು, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಇಲ್ಲಿ ಬರೆದಿಡಲಾಗಿದೆ.

ಸಾಮಾನು ಬಹಳ ಬೇಡ. ನಾಲ್ಕು ವಾಕ್ಯ ಸಾಕು. "ಫಸ್ಟ್ ಹಾಫ್ ಸೂಪರ್, ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗ್." "ಬಿಜಿಎಂ ಬೆಂಕಿ." "ಎಡಿಟಿಂಗ್ ಇನ್ನೂ ಕ್ರಿಸ್ಪ್ ಆಗ್ಬೇಕಿತ್ತು." "ಒಂದ್ಸಲ ನೋಡಬಹುದು." ಯುದ್ಧದ ಚಿತ್ರ, ಪ್ರೇಮಕಥೆ, ದೆವ್ವ, ಪೆಂಗ್ವಿನ್‌ಗಳ ಸಾಕ್ಷ್ಯಚಿತ್ರ, ಯಾವುದಕ್ಕಾದರೂ ಇವು ಹೊಂದುತ್ತವೆ. ನಾಲ್ಕನೆಯದಂತೂ ಪರಮ ಸುರಕ್ಷಿತ. ಯಾವ ಚಿತ್ರವನ್ನಾದರೂ ಹೆಚ್ಚಿನವರು ನೋಡುವುದು ಒಂದೇ ಸಲ. ಹೀಗಾಗಿ ಆ ತೀರ್ಪನ್ನು ಯಾವ ಮೇಲಿನ ಕೋರ್ಟೂ ತಳ್ಳಿಹಾಕಲಾರದು.

ಮೊದಲನೆಯ ವಾಕ್ಯವೂ ಸುಳ್ಳಾಗುವ ಭಯವಿಲ್ಲದ್ದೇ. ಆರಂಭದಲ್ಲಿ ಪಾತ್ರಗಳು ಹೊಸವು, ತೊಂದರೆ ಹೊಸದು, ಕುತೂಹಲಕ್ಕೆ ಖರ್ಚಿಲ್ಲ. ಅರ್ಧ ದಾಟಿದ ಮೇಲೆ ಬಿಚ್ಚಿಟ್ಟದ್ದನ್ನೆಲ್ಲ ಕಟ್ಟಬೇಕು. ಮುಂದೇನಾಗುತ್ತದೆಂದು ನೋಡುವವನಿಗೆ ಆಗಲೇ ಗೊತ್ತಾಗಿರುತ್ತದೆ, ಅದರ ಆತಂಕವೂ ಇಳಿದಿರುತ್ತದೆ, ಪಾತ್ರ ಮಾತ್ರ ಅದನ್ನೇ ಹುಡುಕುತ್ತ ಇನ್ನೂ ಹತ್ತು ನಿಮಿಷ ಓಡಾಡುತ್ತಿರುತ್ತದೆ. ಚಿತ್ರ ಎಳೆದಂತೆ ಕಾಣುವುದು ಬಹುತೇಕ ಇಲ್ಲೇ. ಇದು ಚಿತ್ರಕಥೆಯ ಹಾಳೆಯ ಮೇಲೇ ಆದ ಎಡವಟ್ಟು. ಆದರೆ ಚಿತ್ರಕಥೆಯನ್ನು ಬೈಯಲು ಅದು ಎಲ್ಲಿ ಮುಗ್ಗರಿಸಿತು ಎಂದು ಹೇಳಬೇಕಾಗುತ್ತದೆ. ಸಂಕಲನಕಾರನನ್ನು ಬೈಯಲು ಅಂಥ ಕಷ್ಟವಿಲ್ಲ. "ಇಪ್ಪತ್ತು ನಿಮಿಷ ಟ್ರಿಮ್ ಮಾಡಬಹುದಿತ್ತು" ಎಂದರೆ ಮುಗಿಯಿತು.

ಗಮನಿಸಿ, ಇಪ್ಪತ್ತೇ. ಹದಿನೇಳು, ಇಪ್ಪತ್ಮೂರು ಯಾರ ಬಾಯಲ್ಲೂ ಬಂದದ್ದಿಲ್ಲ. ಸೆಕೆಂಡಿಗೆ 24 ಫ್ರೇಮ್‌ನ ಲೆಕ್ಕದಲ್ಲಿ ಎರಡೂವರೆ ಗಂಟೆಯ ಚಿತ್ರದಲ್ಲಿ 2,16,000 ಫ್ರೇಮ್ ಇರುತ್ತವೆ. ಇಪ್ಪತ್ತು ನಿಮಿಷ ಎಂದರೆ ಅದರಲ್ಲಿ 28,800. "ಯಾವ 28,800 ಸಾರ್?" ಎಂದು ಕೇಳುವುದು ಶುದ್ಧ ಅಸಭ್ಯತೆ. ಅಕಸ್ಮಾತ್ ಯಾರಾದರೂ ಕೇಳಿದರೂ "ಆ ತಂಗಿ ಪತ್ರ ಬಚ್ಚಿಡೋ ಸೀನ್ ಬೇಕಿರಲಿಲ್ಲ" ಎಂದುಬಿಡಬಹುದು. ಸರಿ, ಕಿತ್ತು ಹಾಕೋಣ. ನಲವತ್ತು ನಿಮಿಷದ ನಂತರ ಅದೇ ಪತ್ರ ಅಣ್ಣನ ಕೈಗೆ ಸಿಕ್ಕಾಗ "ಇದೆಲ್ಲಿಂದ ಬಂತ್ರೀ? ಲಾಜಿಕ್ಕೇ ಇಲ್ಲ" ಎನ್ನುವವರೂ ಇವರೇ. ಅಸಲು ತೊಡಕು ಏನೆಂದರೆ, ಸಂಕಲನಕಾರ ಉಳಿಸಿಕೊಂಡದ್ದು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ, ಎಸೆದದ್ದು ಬೀಳುವುದಿಲ್ಲ. ಅವನ ಮೇಜಿಗೆ ಬಂದ ರಾಶಿಯಲ್ಲಿ ನಾಯಕಿ ಒಮ್ಮೆಯೂ ಸರಿಯಾಗಿ ಅಳದೇ ಇದ್ದಿರಬಹುದು. ಮೂರು ಟೇಕುಗಳಿಂದ ಒಂದೊಂದು ತುಣುಕು ಹೆಕ್ಕಿ ಅವಳು ಅಳುವಂತೆ ಮಾಡಿದವನೇ ಅವನಾಗಿರಬಹುದು. ಆ ಅಳುವಿಗೆ ನಟಿಗೆ ಚಪ್ಪಾಳೆ, ಉಳಿದ ಆಕಳಿಕೆಗೆಲ್ಲ ಅವನಿಗೆ ಬೈಗುಳ. ಅಭಿಪ್ರಾಯಲೋಕದ ನ್ಯಾಯ ವಿತರಣೆ ಅಂಥದ್ದು.

ಬಿಜಿಎಂ, ಅಂದರೆ ಹಿನ್ನೆಲೆ ಸಂಗೀತದ ವಿಷಯಕ್ಕೆ ಬರೋಣ. ಇದು ಒಂದು ದೊಡ್ಡ ಚೀಲ, ಕಿವಿಗೆ ಬಿದ್ದದ್ದನ್ನೆಲ್ಲ ಇದರೊಳಗೆ ತುಂಬಬಹುದು. ಚಿತ್ರಮಂದಿರದಲ್ಲಿ ಎದೆಗೆ ಗುದ್ದಿ ಕುರ್ಚಿ ನಡುಗಿಸಿದ್ದು 5.1 ಎಂಬ ಬಹುಚಾನೆಲ್ ಧ್ವನಿ ವ್ಯವಸ್ಥೆಯಲ್ಲಿ ಆ ಚುಕ್ಕಿಯ ಆಚೆಗಿನ ಒಂದು, ಅಂದರೆ ಸುಮಾರು 120 ಹರ್ಟ್ಸ್‌ಗಿಂತ ಕೆಳಗಿನ ಗುಡುಗಿಗೆಂದೇ ಮೀಸಲಿಟ್ಟ ಚಾನೆಲ್. ಹೆಜ್ಜೆಯ ಸಪ್ಪಳ, ಸೆರಗಿನ ಸರಸರ, ಚಾಕು ಒರೆಯಿಂದ ಜಾರಿದ ಸದ್ದು ಇವೆಲ್ಲ ಫೋಲಿ ಕಲಾವಿದರು ಸ್ಟುಡಿಯೋದಲ್ಲಿ ಚಿತ್ರ ನೋಡುತ್ತ ಕೈಯಾರೆ ಹುಟ್ಟಿಸಿದ್ದು. ಹೊಡೆತ ಬೀಳುವ ಮುನ್ನ ಅರ್ಧ ಸೆಕೆಂಡು ಎಲ್ಲ ಸ್ತಬ್ಧವಾಯಿತಲ್ಲ, ಅದು ಮಿಕ್ಸಿಂಗ್ ಮಾಡಿದವರ ತಾಳ್ಮೆ. ಈ ಇಡೀ ಕುಟುಂಬದ ದುಡಿಮೆಯನ್ನು ಸಂಗೀತ ನಿರ್ದೇಶಕರ ಒಂದೇ ಖಾತೆಗೆ ಜಮಾ ಮಾಡುವ ಅನುಕೂಲಕ್ಕೆ ಬಿಜಿಎಂ ಎನ್ನುತ್ತಾರೆ.

ಅದೇ ಚಿತ್ರವನ್ನು ಮನೆಯಲ್ಲಿ ನೋಡಿದಾಗ ತೀರ್ಪು ತಿರುಗುತ್ತದೆ: "ಡೈಲಾಗೇ ಕೇಳ್ಸಲ್ಲ, ಬರೀ ಢಮಢಮ." ಚಿತ್ರಮಂದಿರಕ್ಕೆ ಮಿಕ್ಸ್ ಮಾಡುವಾಗ ಮಾತನ್ನು ಬಹುಪಾಲು ನಡುವಿನ ಸ್ಪೀಕರಿಗೆ ಕೊಡುತ್ತಾರೆ, ಪಿಸುಮಾತಿಗೂ ಸ್ಫೋಟಕ್ಕೂ ನಡುವೆ ದೊಡ್ಡ ಅಂತರ ಬಿಟ್ಟಿರುತ್ತಾರೆ. ಅದನ್ನೆಲ್ಲ ಟಿವಿಯ ಬೆನ್ನಿಗೆ ಗೋಡೆಯ ಕಡೆ ಮುಖ ಮಾಡಿ ಕೂತ ಎರಡು ಪುಟಾಣಿ ಸ್ಪೀಕರುಗಳಿಗೆ ಇಳಿಸಿದಾಗ ಮಾತು ಸದ್ದಿನಡಿ ಹೂತುಹೋಗುತ್ತದೆ. ಟಿವಿಯ ಸೌಂಡ್ ಮೆನುವಿನಲ್ಲಿ ಮಾತನ್ನು ಮುಂದೆ ತರುವ, ಏರಿಳಿತ ತಗ್ಗಿಸುವ ಆಯ್ಕೆಗಳು ಎಷ್ಟೋ ಸೆಟ್‌ಗಳಲ್ಲಿ ಇರುತ್ತವೆ. ಅವನ್ನು ಮುಟ್ಟಬೇಡಿ. ಮೆನು ಸರಿಹೋದರೆ ದೂರು ಹೋಗುತ್ತದೆ, ದೂರು ಹೋದರೆ ಹೇಳಲಿಕ್ಕೆ ಏನು ಉಳಿಯಿತು?

ಟಿವಿಯಿಂದ ಇನ್ನೊಂದು ಉಪಕಾರವೂ ಇದೆ. 24 ಫ್ರೇಮ್‌ಗಳಲ್ಲಿ ತೆಗೆದ ಚಿತ್ರ, ಸೆಕೆಂಡಿಗೆ 60 ಅಥವಾ 120 ಸಲ ಚಿತ್ರ ಬದಲಿಸುವ ಪರದೆಗೆ ಬಂದಾಗ, ಟಿವಿ ತನ್ನ ಬುದ್ಧಿ ಓಡಿಸಿ ನಡುನಡುವೆ ಇಲ್ಲದ ಫ್ರೇಮ್‌ಗಳನ್ನು ಸೃಷ್ಟಿಸಿ ತುಂಬುತ್ತದೆ. ಕ್ರಿಕೆಟ್‌ಗೆ ಒಳ್ಳೆಯದು, ಸಿನಿಮಾಕ್ಕಲ್ಲ. ಮಹಾ ದುರಂತದ ದೃಶ್ಯವೂ ಎಣ್ಣೆ ಸವರಿದಂತೆ ಜಾರತೊಡಗುತ್ತದೆ. ಕೂಡಲೇ "ಮೇಕಿಂಗ್ ಸೀರಿಯಲ್ ಥರ ಇದೆ, ಕ್ಯಾಮೆರಾಮನ್ ಯಾರೋ ಹೊಸಬ" ಎಂದು ಘೋಷಿಸಿ. ಟಿವಿಯ ಈ ಬುದ್ಧಿವಂತಿಕೆಯನ್ನು ಒಂದೇ ಕಡೆ ಆಫ್ ಮಾಡಲೆಂದು 2019ರಲ್ಲಿ ಯುಎಚ್‌ಡಿ ಅಲಯನ್ಸ್ ಎಂಬ ಒಕ್ಕೂಟ 'ಫಿಲ್ಮ್‌ಮೇಕರ್ ಮೋಡ್' ಎಂಬುದನ್ನು ಪ್ರಕಟಿಸಿತು, ಅದಾದ ಮೇಲೆ ಬಂದ ಅನೇಕ ಟಿವಿಗಳಲ್ಲಿ ಆ ಹೆಸರಿನ ಆಯ್ಕೆಯೇ ಇದೆ. ನಿರ್ದೇಶಕರು, ಛಾಯಾಗ್ರಾಹಕರು ಬೇಡಿಕೊಂಡು ಮಾಡಿಸಿದ್ದು ಅದು. ಪಾಪ, ಅವರಿಗೆ ಅಭಿಪ್ರಾಯದ ಮಹತ್ವ ತಿಳಿಯದು.

ಛಾಯಾಗ್ರಹಣವನ್ನು ಹೊಗಳುವ ಕ್ರಮ ಇನ್ನೂ ಸರಳ. ಬೆಟ್ಟ ಕಂಡರೆ ಚೆನ್ನಾಗಿದೆ, ಡ್ರೋನ್ ಹಾರಿದರೆ ಅದ್ಭುತ, ಮಳೆ ಬಂದರೆ ಇಂಟರ್‌ನ್ಯಾಷನಲ್ ಲೆವೆಲ್. ಒಂದೇ ಕೋಣೆಯಲ್ಲಿ ಒಂದೇ ಕಿಟಕಿಯ ಬೆಳಕಿನಲ್ಲಿ ಎರಡು ಗಂಟೆ ಮುಖಗಳನ್ನು ಬೆಳಗಿದವನಿಗೆ "ಬಜೆಟ್ ಇರ್ಲಿಲ್ಲ ಅನ್ಸುತ್ತೆ."

ಕಾಲದ ಅಭಾವವಿರುವವರಿಗೆ ಒಂದೂವರೆ ಪಟ್ಟು ವೇಗದ ಗುಂಡಿ ಇದೆ. 150 ನಿಮಿಷದ ಚಿತ್ರ 100 ನಿಮಿಷಕ್ಕೆ ಮುಗಿಯುತ್ತದೆ. ಮಾತಿನ ಶ್ರುತಿ ಕೆಡದಂತೆ ಯಂತ್ರವೇ ನೋಡಿಕೊಳ್ಳುವುದರಿಂದ ಮೋಸ ಗೊತ್ತೂ ಆಗುವುದಿಲ್ಲ. ಉತ್ತರಿಸುವ ಮುನ್ನ ನಟಿ ಲೆಕ್ಕ ಹಾಕಿ ತೆಗೆದುಕೊಂಡ ಮೂರು ಸೆಕೆಂಡಿನ ವಿರಾಮ ಎರಡಕ್ಕಿಳಿಯುತ್ತದೆ, ಹಿಂಜರಿಕೆ ಹೋಗಿ ಅವಸರವಾಗುತ್ತದೆ. ಹಾಗೆ ನೋಡಿ ಮುಗಿಸಿದವರು ಹೇಳಲೇಬೇಕಾದ ಮಾತು: "ಪಾತ್ರಗಳಿಗೆ ಉಸಿರಾಡೋಕೇ ಟೈಮ್ ಕೊಟ್ಟಿಲ್ಲ."

ಇನ್ನು ಅಂಕ. ಮಾತು ಎಷ್ಟೇ ತೇಲಿದರೂ ಕೊನೆಗೊಂದು ಸಂಖ್ಯೆ ಇಟ್ಟರೆ ವಿಜ್ಞಾನದ ಗಾಂಭೀರ್ಯ ಬರುತ್ತದೆ. 1928ರಲ್ಲಿ ನ್ಯೂಯಾರ್ಕ್‌ನ ಡೈಲಿ ನ್ಯೂಸ್ ಪತ್ರಿಕೆಯಲ್ಲಿ ಐರೀನ್ ಥೈರರ್ ಚಿತ್ರಗಳಿಗೆ ನಕ್ಷತ್ರ ಕೊಡಲು ಆರಂಭಿಸಿದಾಗ ಮೂರೇ ಗರಿಷ್ಠ. ಮೂರು ಎಂದರೆ ಅತ್ಯುತ್ತಮ. ಈಗ ಐದರಲ್ಲಿ ಮೂರು ಕೊಟ್ಟರೆ ಅಭಿಮಾನಿಗಳು ನಿಮ್ಮ ವಂಶವೃಕ್ಷ ವಿಚಾರಿಸುತ್ತಾರೆ. ಅದಕ್ಕೇ ಕಾಲು ನಕ್ಷತ್ರದ ಆವಿಷ್ಕಾರವಾಯಿತು. 2.75ಕ್ಕೂ 3ಕ್ಕೂ ನಡುವಿನ ಆ ಕಾಲು ಯಾವುದಕ್ಕೆ ಕಡಿತವಾಯಿತು ಎಂದು ಯಾವ ವಿಮರ್ಶಕರೂ ಹೇಳಿಲ್ಲ. ಪ್ರಾಯಶಃ ತಂಗಿ ಬಚ್ಚಿಟ್ಟ ಆ ಪತ್ರಕ್ಕೇ ಇರಬೇಕು. ನೆಟ್‌ಫ್ಲಿಕ್ಸ್‌ನವರಂತೂ ಈ ಗೋಳೇ ಬೇಡವೆಂದು 2017ರಲ್ಲಿ ಐದು ನಕ್ಷತ್ರ ಕಿತ್ತು ಹೆಬ್ಬೆರಳು ನೆಟ್ಟರು. ಬರೀ ಚೆನ್ನಾಗಿರುವುದಕ್ಕೂ ಬಹಳ ಚೆನ್ನಾಗಿರುವುದಕ್ಕೂ ವ್ಯತ್ಯಾಸ ಹೇಳಲಾಗದೆ 2022ರಲ್ಲಿ ಜೋಡಿ ಹೆಬ್ಬೆರಳು ಸೇರಿಸಿದರು. ಇದೇ ವೇಗದಲ್ಲಿ ಹೋದರೆ ಐದು ಬೆರಳೂ ತುಂಬಿ ಮತ್ತೆ ಐದು ನಕ್ಷತ್ರಕ್ಕೇ ಬರುತ್ತಾರೆ.

ಶೇಕಡಾವಾರು ಅಂಕದ ಚಮತ್ಕಾರ ಬೇರೆ. 1998ರಲ್ಲಿ ಶುರುವಾದ, ವಿಮರ್ಶೆಗಳನ್ನು ಒಟ್ಟುಹಾಕುವ ರಾಟನ್ ಟೊಮ್ಯಾಟೋಸ್ ಎಂಬ ಜಾಲತಾಣ ತೋರಿಸುವ ಶೇಕಡಾ ಸಂಖ್ಯೆ ಚಿತ್ರ ಎಷ್ಟು ಚೆನ್ನಾಗಿದೆ ಎಂಬುದನ್ನು ಹೇಳುವುದೇ ಇಲ್ಲ. ವಿಮರ್ಶಕರಲ್ಲಿ ನೂರಕ್ಕೆ ಎಷ್ಟು ಮಂದಿ ಒಟ್ಟಾರೆ ಮೆಚ್ಚಿದರು ಎಂಬುದಷ್ಟೇ ಅದರ ಅರ್ಥ. 60 ಮುಟ್ಟಿದರೆ ತಾಜಾ, ಕೆಳಗಿದ್ದರೆ ಕೊಳೆತದ್ದು. ಹೀಗೆ ಲೆಕ್ಕ ಹಾಕಿ: ನೂರು ವಿಮರ್ಶಕರೂ "ಪರವಾಗಿಲ್ಲ" ಎಂದು ಹತ್ತಕ್ಕೆ ಆರು ಕೊಟ್ಟು ಮೆಚ್ಚಿದವರ ಪಟ್ಟಿಗೆ ಸೇರಿದರೆ ಚಿತ್ರಕ್ಕೆ ನೂರಕ್ಕೆ ನೂರು. ಇನ್ನೊಂದು ಚಿತ್ರಕ್ಕೆ 59 ಮಂದಿ ಎದ್ದು ನಿಂತು ಹತ್ತಕ್ಕೆ ಹತ್ತು ಕೊಟ್ಟು, ಉಳಿದ 41 ಮಂದಿ ಐದು ಕೊಟ್ಟು ಮೆಚ್ಚದವರಾದರೆ, ಸರಾಸರಿ 7.95 ಬಂದರೂ ಅದು ಕೊಳೆತದ್ದು. ಸರಾಸರಿಯೂ ಬೇರೆಯಾಗಿ ಸಿಗುತ್ತದೆ, ಆದರೆ ಅದನ್ನು ನೋಡಲು ಒಂದು ಕಡೆ ಒತ್ತಬೇಕು. ಅಷ್ಟು ಶ್ರಮ ಯಾರಿಗೆ ಬೇಕು? "ನೂರಕ್ಕೆ ನೂರಂತೆ!" ಎಂಬ ಉದ್ಗಾರಕ್ಕಿರುವ ರುಚಿ "ಎಲ್ಲರೂ ಪರವಾಗಿಲ್ಲ ಅಂದ್ರಂತೆ" ಎನ್ನುವುದಕ್ಕೆ ಬರುವುದೇ ಇಲ್ಲ.

ಸಾರ್ವಜನಿಕರು ಒತ್ತುವ ಅಂಕಗಳಲ್ಲಿ 4, 5, 6 ಎಂಬ ಅಂಕಿಗಳು ಇದ್ದೂ ಇಲ್ಲದಂತೆ. ಒಂದೋ 10, ಇಲ್ಲವೇ 1. ಸಾಧಾರಣ ಎನ್ನಿಸಿದವನು ಅಂಕ ಕೊಡಲು ಎದ್ದೇ ಬರುವುದಿಲ್ಲ, ಭಕ್ತನೂ ವೈರಿಯೂ ಮಾತ್ರ ಬರುತ್ತಾರೆ. ಐಎಂಡಿಬಿ ಎಂಬ ಸಿನಿಮಾ ಮಾಹಿತಿಯ ಜಾಲತಾಣ ತಾನು ತೋರಿಸುವ ಸಂಖ್ಯೆ ನೇರ ಸರಾಸರಿಯಲ್ಲ, ತೂಕ ಹಾಕಿದ್ದು ಎಂದು ಹೇಳಿಕೊಂಡಿದೆ, ತಕ್ಕಡಿಯನ್ನು ಮಾತ್ರ ಯಾರಿಗೂ ತೋರಿಸುವುದಿಲ್ಲ. ತೋರಿಸಿದರೆ ಮರುದಿನವೇ ಜನ ಅದರ ಮೇಲೆ ಹತ್ತಿ ಕೂರುತ್ತಾರೆ ಎಂಬುದು ಅವರಿಗೆ ಗೊತ್ತು. ರಾಟನ್ ಟೊಮ್ಯಾಟೋಸ್ 2019ರಲ್ಲಿ, ಬಿಡುಗಡೆಗೆ ಮೊದಲೇ ಪ್ರೇಕ್ಷಕರು ಅನಿಸಿಕೆ ಬರೆಯುವುದನ್ನು ನಿಲ್ಲಿಸಿತು. ಅದೇ ವರ್ಷ, ಟಿಕೆಟ್ ಕೊಂಡದ್ದು ಖಚಿತವಾದವರ ಅಂಕವನ್ನು ಬೇರೆ ಮಾಡಿ ತೋರಿಸತೊಡಗಿತು. ಇದಕ್ಕಿಂತ ದೊಡ್ಡ ಅವಮಾನ ಉಂಟೇ? ಟ್ರೈಲರ್ ನೋಡಿ, ಪೋಸ್ಟರ್ ನೋಡಿ, ನಾಯಕನ ಹಿಂದಿನ ಚಿತ್ರದ ಸಿಟ್ಟು ಕಾಪಿಟ್ಟುಕೊಂಡು ಸ್ವಂತ ಪರಿಶ್ರಮದಿಂದ ಅಭಿಪ್ರಾಯ ಕಟ್ಟಿದವರನ್ನು "ಚಿತ್ರ ನೋಡಿದ್ದೀರಾ?" ಎಂದು ಕೇಳುವುದೇ!

ಸ್ಪಾಯ್ಲರ್ ಕೊಡದಿರುವ ಕಲೆಯನ್ನೂ ಇಲ್ಲಿ ಹೇಳಬೇಕು. "ಸ್ಪಾಯ್ಲರ್ ಕೊಡಲ್ಲಪ್ಪ, ಆದ್ರೆ ಕೊನೇ ಇಪ್ಪತ್ತು ನಿಮಿಷ ಮಿಸ್ ಮಾಡ್ಕೋಬೇಡ, ಯಾರನ್ನೂ ನಂಬಬೇಡ." ಟ್ರಿಮ್ ಮಾಡಬೇಕಿದ್ದ ಇಪ್ಪತ್ತು ನಿಮಿಷವೂ ಮಿಸ್ ಮಾಡಬಾರದ ಇಪ್ಪತ್ತು ನಿಮಿಷವೂ ಒಂದೇ ಇರಬಹುದು ಎಂಬ ಸಂಶಯ ಬರುತ್ತದೆ, ಇರಲಿ. ತಿರುವು ಇದೆ ಎಂದು ಹೇಳಿದ ಮೇಲೆ ತಿರುವು ಉಳಿಯುವುದಿಲ್ಲ. ಕೇಳಿದವನು ಮೊದಲ ದೃಶ್ಯದಿಂದಲೇ ಪತ್ತೇದಾರನಾಗಿ, ಎಲ್ಲರಿಗಿಂತ ಸಾಧುವಾಗಿ ನಗುವ ಚಿಕ್ಕಪ್ಪನ ಮೇಲೆ ಕಣ್ಣಿಟ್ಟು ಕೂರುತ್ತಾನೆ. ಅರ್ಧ ಗಂಟೆಯಲ್ಲಿ ಸಿಕ್ಕಿಬೀಳುತ್ತಾನೆ ಚಿಕ್ಕಪ್ಪ. "ಪ್ರಿಡಿಕ್ಟಬಲ್" ಎಂಬ ಹೊಸ ಅಭಿಪ್ರಾಯ ಹುಟ್ಟುತ್ತದೆ. ಒಂದು ಅಭಿಪ್ರಾಯದ ಹೊಟ್ಟೆಯಿಂದ ಇನ್ನೊಂದು.

ಲಾಜಿಕ್ ಕೇಳುವವರದು ಪ್ರತ್ಯೇಕ ಪಂಥ. ಸತ್ತ ಅಜ್ಜ ಗೋಡೆಯೊಳಗಿಂದ ನಡೆದು ಬರುವುದನ್ನು ಅವರು ಉದಾರವಾಗಿ ಒಪ್ಪುತ್ತಾರೆ. ಅಷ್ಟು ಹೊತ್ತು ಟಾರ್ಚಿನ ಬ್ಯಾಟರಿ ಹೇಗೆ ಬಂತು ಎನ್ನುವುದನ್ನು ಮಾತ್ರ ಸುತರಾಂ ಒಪ್ಪುವುದಿಲ್ಲ.

ಈ ಕಸುಬಿನಲ್ಲಿ ಅಪಾಯ ಒಂದೇ: ಎದುರಿಗೆ ಚಿತ್ರವನ್ನು ನಿಜವಾಗಿ ನೋಡಿದವರು ಸಿಗುವುದು. ಅವರು ಬಿಜಿಎಂ ಕೇಳುವುದಿಲ್ಲ. "ಆ ಅಮ್ಮ ಎರಡನೇ ಸಲ ಬಾಗಿಲು ತೆಗೆದಾಗ ಚಿಲಕ ಯಾಕೆ ಹಾಕ್ಲಿಲ್ಲ?" ಎಂಬಂಥ ವಿಚಿತ್ರ ಪ್ರಶ್ನೆ ಕೇಳುತ್ತಾರೆ. ಗಾಬರಿಯಾಗಬೇಡಿ. "ಅದನ್ನ ಡೈರೆಕ್ಟರ್ ಪ್ರೇಕ್ಷಕರಿಗೇ ಬಿಟ್ಟಿದ್ದಾರೆ" ಎಂದು ಗಂಭೀರವಾಗಿ ಹೇಳಿ ದೂರ ನೋಡಿ. ಅವರು ಬಿಡದೆ "ನಿಮಗೇನನ್ಸುತ್ತೆ?" ಎಂದರೆ ಮೂಲ ಕೊರಿಯನ್ ಚಿತ್ರ ಇನ್ನೂ ಚೆನ್ನಾಗಿತ್ತು ಎನ್ನಿ. ಮೂಲ ಕೊರಿಯನ್ ಚಿತ್ರ ಇರಲೇಬೇಕೆಂದಿಲ್ಲ. ಇಲ್ಲ ಎಂದು ಸಾಧಿಸುವ ಹೊಣೆ ಅವರದು.

ಬರೆದದ್ದು ಶಾಶ್ವತವಲ್ಲ ಎಂಬುದೂ ನೆನಪಿರಲಿ. ಬಿಡುಗಡೆಯ ದಿನ "ತಲೆನೋವು" ಎಂದು ಬರೆದ ಚಿತ್ರ ಹತ್ತು ವರ್ಷದ ಮೇಲೆ ಯಾವುದೋ ಉತ್ಸವದಲ್ಲಿ ಮತ್ತೆ ತೆರೆ ಕಂಡು ಎಲ್ಲರೂ ಹೊಗಳತೊಡಗಿದರೆ, ಹಳೆಯದನ್ನು ಅಳಿಸಲು ಹೋಗಬೇಡಿ, ಅಷ್ಟರಲ್ಲಿ ಯಾರೋ ಸ್ಕ್ರೀನ್‌ಶಾಟ್ ತೆಗೆದಿರುತ್ತಾರೆ. "ಅಂಡರ್‌ರೇಟೆಡ್ ಜೆಮ್, ನಮ್ಮ ಜನಕ್ಕೆ ಆಗ ಅರ್ಥ ಆಗ್ಲಿಲ್ಲ" ಎಂದು ಹೊಸದೊಂದು ಬರೆಯಿರಿ. 'ನಮ್ಮ ಜನ' ಎಂಬಲ್ಲಿ ನಿಮ್ಮನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡನೇ ಸಲ ನೋಡುವ ಅಗತ್ಯವೂ ಇಲ್ಲ, ಮೊದಲೇ ಹೇಳಿಯಾಗಿದೆಯಲ್ಲ, ಒಂದ್ಸಲ ನೋಡಬಹುದು ಅಂತ.